ಸಿಗ್ನಲ್‌ನಲ್ಲಿ ಕ್ಲಚ್ ಒತ್ತಿದರೆ ಕಿರ್ ಶಬ್ದ: ಪೂರ್ತಿ ಕ್ಲಚ್ ಸೆಟ್ ಹಾಕಿಸಬೇಕಾ?

ಪಿಬಿ ರೋಡ್ ಪಯಣಿಗ (ದಾವಣಗೆರೆ):
ಎಲ್ಲರಿಗೂ ನಮಸ್ಕಾರ. ನಮ್ಮದು ಹಳೇ ಪೆಟ್ರೋಲ್ ಕಾರು, ಕೇಬಲ್ ಕ್ಲಚ್. ಗಾಂಧಿ ಸರ್ಕಲ್‌ನಲ್ಲಿ ನಿಂತು ಕ್ಲಚ್ ಒತ್ತಿದರೆ ಕಿರ್ ಅಂತ ಸಣ್ಣ ಶಬ್ದ ಬರುತ್ತದೆ. ಬಿಟ್ಟರೆ ಇಲ್ಲ. ಗ್ಯಾರೇಜಿನವರು ಪೂರ್ತಿ ಕ್ಲಚ್ ಸೆಟ್ (ಪ್ಲೇಟ್, ಪ್ರೆಶರ್ ಪ್ಲೇಟ್, ಬೇರಿಂಗ್ ಮೂರೂ) ಹಾಕಿಸಿ ಎನ್ನುತ್ತಾರೆ. ಸಿಗ್ನಲ್‌ನಲ್ಲಿ ಫಸ್ಟ್ ಗೇರ್ ಹಾಕಿ ಕ್ಲಚ್ ಒತ್ತಿಕೊಂಡೇ ಇರು ಅಂತ ಅಪ್ಪ ಕಲಿಸಿದ್ದು. ಹಸಿರು ಬಿದ್ದ ಕೂಡಲೇ ಹೊರಡದಿದ್ದರೆ ಹಿಂದಿನ ಆಟೋದವರು ಸುಮ್ನೆ ಬಿಡ್ತಾರಾ? ಈ ಅಭ್ಯಾಸಕ್ಕೂ ಶಬ್ದಕ್ಕೂ ಸಂಬಂಧ ಇದೆಯಾ? ಗೊತ್ತಿರುವವರು ಹೇಳಿ.

ಸ್ಪ್ಯಾನರ್ 17:
ಮೊದಲು ಇಂಜಿನ್ ಆಫ್ ಮಾಡಿ ಕ್ಲಚ್ ಒತ್ತಿ ನೋಡಿ. ಆಗಲೂ ಕಿರ್ ಅಂದರೆ ಪೆಡಲ್ ಪಿನ್ನೋ ಕೇಬಲ್ಲೋ ಒಣಗಿದೆ, ಗ್ರೀಸ್‌ನಲ್ಲಿ ಮುಗಿಯುವ ಕೆಲಸ. ಇಂಜಿನ್ ಓಡುವಾಗ ಮಾತ್ರ ಬಂದರೆ ಅನುಮಾನ ರಿಲೀಸ್ ಬೇರಿಂಗ್ ಮೇಲೆ, ಅಂದರೆ ಪೆಡಲ್ ಒತ್ತಿದಾಗ ಕ್ಲಚ್ ಬಿಡಿಸುವ ಬೇರಿಂಗ್. ಉಲ್ಟಾ ಇದ್ದರೆ, ಅಂದರೆ ನ್ಯೂಟ್ರಲ್‌ನಲ್ಲಿ ಕ್ಲಚ್ ಬಿಟ್ಟಾಗ ಶಬ್ದ ಇದ್ದು ಒತ್ತಿದಾಗ ನಿಂತರೆ, ಗೇರ್‌ಬಾಕ್ಸ್ ಒಳಗಿನ ಬೇರಿಂಗ್ ನೋಡಿಸಬೇಕು. ಅದು ಬೇರೆ ಕಥೆ, ಖರ್ಚೂ ಬೇರೆ.

ಆಮೇಲೆ ಪೆಡಲನ್ನು ಕೈಯಿಂದ ಮೆಲ್ಲಗೆ ಒತ್ತಿ. ಶುರುವಿನಲ್ಲಿ ಸ್ವಲ್ಪ ದೂರ ಭಾರ ಇಲ್ಲದೆ ಹೋಗಬೇಕು. ಆ ಫ್ರೀ ಪ್ಲೇ ಇಲ್ಲದಿದ್ದರೆ ನೀವು ಕಾಲು ತೆಗೆದರೂ ಕ್ಲಚ್ ಪೂರ್ತಿ ಹಿಡಿಯುವುದಿಲ್ಲ. ಕೇಬಲ್ ನಟ್ ತಿರುಗಿಸಿ ಸರಿ ಮಾಡಿಸಿ.

ಡೀಸೆಲ್ ಮಾವ (ಹರಿಹರ):
ಕ್ಲಚ್ ಪೂರ್ತಿ ಒತ್ತಿದ್ದರೆ, ಇಂಜಿನ್ ಬಲವನ್ನು ಗೇರ್‌ಬಾಕ್ಸ್‌ಗೆ ದಾಟಿಸುವ ಪ್ಲೇಟ್ ಎಲ್ಲಿಗೂ ತಾಗುವುದೇ ಇಲ್ಲ. ತಾಗದೇ ಇದ್ದದ್ದು ಸವೆಯುವುದು ಹೇಗೆ? ನಿಮ್ಮ ಅಪ್ಪ ಹೇಳಿದ್ದು ಸರಿಯಾಗೇ ಇದೆ.

ಸ್ಪ್ಯಾನರ್ 17:
ಮಾವ, ಪ್ಲೇಟ್ ಸವೆಯುವುದಿಲ್ಲ, ಒಪ್ಪಿದೆ. ಆದರೆ ಆ ಪ್ಲೇಟನ್ನು ಒತ್ತಿ ಹಿಡಿಯುವ ಪ್ರೆಶರ್ ಪ್ಲೇಟಿನ ಸ್ಪ್ರಿಂಗನ್ನು ಅಷ್ಟು ಹೊತ್ತೂ ತಳ್ಳಿ ಹಿಡಿದಿರುವುದು ಅದೇ ರಿಲೀಸ್ ಬೇರಿಂಗ್. ಗೇರ್ ಬದಲಿಸುವಾಗಿನ ಒಂದೆರಡು ಸೆಕೆಂಡ್ ಕೆಲಸಕ್ಕೆ ಇರುವ ಸಾಮಾನನ್ನು ಪ್ರತಿ ಸಿಗ್ನಲ್‌ನಲ್ಲೂ ನಿಮಿಷಗಟ್ಟಲೆ ದುಡಿಸಿದರೆ ಬೇಗ ಸಾಯುತ್ತದೆ. ಕಾಲಿಗೂ ನೋವು. ಕಾಲು ಸೋತು ಅಥವಾ ಜಾರಿ ಪೆಡಲ್ ಮೇಲಕ್ಕೆ ಎದ್ದುಬಿಟ್ಟರೆ ಗಾಡಿ ಮುಂದಿನ ಬೈಕಿಗೆ ಗುದ್ದುತ್ತದೆ, ನನಗೆ ದೊಡ್ಡ ಭಯ ಅದೇ.

ಗಾಡಿ ಪೂರ್ತಿ ನಿಂತ ಮೇಲೆ ನ್ಯೂಟ್ರಲ್ ಮಾಡಿ, ಹ್ಯಾಂಡ್‌ಬ್ರೇಕ್ ಎಳೆದು, ಕ್ಲಚ್ ಬಿಡಿ. ಟೈಮರ್ ಇದ್ದರೆ 5 ಸೆಕೆಂಡ್ ಉಳಿದಾಗ ಫಸ್ಟ್ ಗೇರ್ ಹಾಕಿದರೂ ಸಾಕು, ಆಟೋದವರಿಗೆ ಹಾರ್ನ್ ಮುಟ್ಟುವ ಅವಕಾಶವೇ ಸಿಗುವುದಿಲ್ಲ. ಹಾಗಂತ ಸಿಗ್ನಲ್ ದೂರ ಇರುವಾಗಲೇ ನ್ಯೂಟ್ರಲ್ ಮಾಡಬೇಡಿ. ಗೇರ್‌ನಲ್ಲೇ ಆಕ್ಸಿಲರೇಟರ್ ಬಿಟ್ಟು ಬಂದರೆ ಇಂಜೆಕ್ಷನ್ ಇಂಜಿನ್‌ಗಳಲ್ಲಿ ಪೆಟ್ರೋಲ್ ಹೋಗುವುದೇ ನಿಲ್ಲುತ್ತದೆ. ನ್ಯೂಟ್ರಲ್‌ನಲ್ಲಿ ಐಡಲ್‌ಗೆ ಕುಡಿಯುತ್ತಲೇ ಇರುತ್ತದೆ. ಮೈಲೇಜ್ ಉಳಿಸಲು ನ್ಯೂಟ್ರಲ್ ಅನ್ನುವ ಲೆಕ್ಕ ಕಾರ್ಬುರೇಟರ್ ಕಾಲದ್ದು.

ಡೀಸೆಲ್ ಮಾವ (ಹರಿಹರ):
ಸರಿ ಬಿಡಪ್ಪ. ಆದ್ರೆ ಹೈವೇಯಲ್ಲಿ ಸಾಲಿನ ಕೊನೆಯ ಗಾಡಿ ನಮ್ಮದೇ ಆಗಿದ್ದರೆ? ಹಿಂದಿನಿಂದ ಲಾರಿ ಬಂದರೆ ನ್ಯೂಟ್ರಲ್‌ನಲ್ಲಿ ಕೂತು ಏನು ಮಾಡೋದು?

ಸ್ಪ್ಯಾನರ್ 17:
ಒಳ್ಳೆ ಪಾಯಿಂಟ್ ಮಾವ. ಅಲ್ಲಿ ಮಾತ್ರ ಕ್ಲಚ್ ಒತ್ತಿ ಫಸ್ಟ್ ಗೇರ್‌ನಲ್ಲೇ ಇರಿ, ಕಾಲು ಬ್ರೇಕ್ ಮೇಲಿರಲಿ, ಹಿಂದೆ ಕೆಂಪು ಲೈಟ್ ಉರಿಯಲಿ. ಹ್ಯಾಂಡ್‌ಬ್ರೇಕ್ ಎಳೆದರೆ ಆ ಲೈಟ್ ಉರಿಯುವುದಿಲ್ಲ. ಮುಂದಿನ ಗಾಡಿಯ ಹಿಂದಿನ ಟೈರು ನೆಲಕ್ಕೆ ತಾಗುವ ಜಾಗ ಕಾಣುವಷ್ಟು ಅಂತರ ಬಿಟ್ಟಿದ್ದರೆ ಪಕ್ಕಕ್ಕೆ ತಪ್ಪಿಸಿಕೊಳ್ಳಲು ದಾರಿ ಇರುತ್ತದೆ. ಹಿಂದೆ ಒಂದು ಗಾಡಿ ಬಂದು ನಿಂತ ಮೇಲೆ ನ್ಯೂಟ್ರಲ್.

ಕೋಟೆ ಏರು (ಚಿತ್ರದುರ್ಗ):
ನಮ್ಮ ಕೋಟೆ ರಸ್ತೆಯ ಏರಿನಲ್ಲಿ ಭಾನುವಾರ ನಿಂತು ನೋಡಿ. ಬ್ರೇಕ್ ಮುಟ್ಟದೆ, ಪೆಡಲ್ ಅರ್ಧ ಬಿಟ್ಟು ಹಾಫ್ ಕ್ಲಚ್‌ನಲ್ಲಿ ಗಾಡಿ ತೂಗಿಸಿಕೊಂಡು ನಿಲ್ಲುವವರೇ ಜಾಸ್ತಿ. ಸ್ವಲ್ಪ ಹೊತ್ತಿಗೆ ಸುಟ್ಟ ವಾಸನೆ. ಪ್ಲೇಟ್ ತಿನ್ನುವುದು ಇದು. ಹ್ಯಾಂಡ್‌ಬ್ರೇಕ್ ಎಳೆದು ನಿಂತು, ಹೊರಡುವಾಗ ಕ್ಲಚ್ ಕಚ್ಚಿ ಮೂತಿ ಸ್ವಲ್ಪ ಎದ್ದ ಮೇಲೆ ಹ್ಯಾಂಡ್‌ಬ್ರೇಕ್ ಇಳಿಸಿ. ಹಿಂದಕ್ಕೆ ಒಂದಿಂಚೂ ಹೋಗುವುದಿಲ್ಲ.

ಪಿಬಿ ರೋಡ್ ಪಯಣಿಗ (ದಾವಣಗೆರೆ):
ಥ್ಯಾಂಕ್ಸ್ ಅಣ್ಣಾ. ನೋಡಿದೆ. ಇಂಜಿನ್ ಆಫ್ ಇದ್ದಾಗ ಶಬ್ದ ಇಲ್ಲ, ಓಡುವಾಗ ಒತ್ತಿದರೆ ಮಾತ್ರ. ಫ್ರೀ ಪ್ಲೇ ಇದೆ. ಹಾಗಾದರೆ ಬೇರಿಂಗ್ ಒಂದೇ ಹಾಕಿಸಿದರೆ ಸಾಕಲ್ವಾ?

ಸ್ಪ್ಯಾನರ್ 17:
ಬೇರಿಂಗ್ ಸಣ್ಣದು, ಆದರೆ ಅದಿರುವುದು ಇಂಜಿನ್‌ಗೂ ಗೇರ್‌ಬಾಕ್ಸ್‌ಗೂ ನಡುವೆ. ಗೇರ್‌ಬಾಕ್ಸ್ ಇಳಿಸಲೇಬೇಕು, ಕೂಲಿ ಹೋಗುವುದು ಅದಕ್ಕೇ. ಹಾಗಾಗಿ ಗ್ಯಾರೇಜಿನವರು ಸುಳ್ಳು ಹೇಳಿಲ್ಲ. ಪ್ಲೇಟ್ ಅರ್ಧ ಸವೆದಿದ್ದರೆ ಈಗಲೇ ಸೆಟ್ ಹಾಕಿಸುವುದು ಲಾಭ, ಆಮೇಲೆ ಮತ್ತೆ ಅದೇ ಕೂಲಿ ಕೊಡಬೇಕಾಗುತ್ತದೆ.

ಪ್ಲೇಟ್ ಸ್ಥಿತಿ ತಿಳಿಯಲು ಖಾಲಿ ರಸ್ತೆಯಲ್ಲಿ ನಾಲ್ಕನೇ ಗೇರ್‌ನಲ್ಲಿ ನಿಧಾನ ಹೋಗುತ್ತಾ ಆಕ್ಸಿಲರೇಟರ್ ಪೂರ್ತಿ ಒತ್ತಿ. ಇಂಜಿನ್ ಮಾತ್ರ ಕೂಗಿ ಸ್ಪೀಡ್ ಏರದಿದ್ದರೆ ಪ್ಲೇಟ್ ಜಾರುತ್ತಿದೆ. ಜಾರದಿದ್ದರೆ, ಶಬ್ದವೂ ಹೀಗೇ ಸಣ್ಣದಾಗಿದ್ದರೆ, ಸಿಗ್ನಲ್‌ನಲ್ಲಿ ನ್ಯೂಟ್ರಲ್ ರೂಢಿ ಮಾಡಿಕೊಂಡು ಸ್ವಲ್ಪ ದಿನ ಓಡಿಸಬಹುದು. ಶಬ್ದ ಗರಗರ ಅಂತ ದೊಡ್ಡದಾದರೆ ಕಾಯಬೇಡಿ. ಬಿಚ್ಚಿಸುವ ದಿನ ನೀವೂ ಗ್ಯಾರೇಜಿನಲ್ಲಿರಿ, ಹಳೇ ಪ್ಲೇಟ್ ಕೈಗೆ ತಗೊಂಡು ಅದರ ಮೇಲಿನ ಲೈನಿಂಗ್ (ಉಜ್ಜಿ ಸವೆಯುವ ಪದರ) ರಿವೆಟ್ ಮಟ್ಟಕ್ಕೆ ಇಳಿದಿದೆಯಾ ಅಂತ ನೀವೇ ನೋಡಿ.