ನಾರ್ತ್ ಕ್ಯಾರೊಲೈನಾದಲ್ಲಿ ಇತಿಹಾಸ ಇರೋ ಜಾಗ ಯಾವ್ಯಾವುದು ನೋಡ್ಬೇಕು? ಅಪ್ಪ ಅಮ್ಮ ಬರ್ತಿದಾರೆ

ಹೇಮಾವತಿ_ತೀರ:
ಎಲ್ರಿಗೂ ನಮಸ್ಕಾರ. ನಾವು ಕ್ಯಾರಿಲಿ ಇರೋದು, ಏಪ್ರಿಲ್ ಕೊನೇಲಿ ಅಪ್ಪ ಅಮ್ಮ ಬರ್ತಿದಾರೆ, ಸೆಪ್ಟೆಂಬರ್ ತನಕ ಇರ್ತಾರೆ. ಅಪ್ಪ ಹೈಸ್ಕೂಲಲ್ಲಿ ಸಮಾಜದ ಮೇಷ್ಟ್ರಾಗಿದ್ದೋರು, ಎಲ್ಲಿಗೆ ಕರ್ಕೊಂಡು ಹೋದ್ರೂ ಅಲ್ಲಿರೋ ಬೋರ್ಡು, ಕಲ್ಲಿನ ಮೇಲೆ ಬರ್ದಿರೋದು ಎಲ್ಲ ಒಂದಕ್ಷರ ಬಿಡದೆ ನಿಂತು ಓದ್ತಾರೆ. ಹೋದ್ಸಲ ನಯಾಗರ, ನ್ಯೂಯಾರ್ಕ್, ವಾಷಿಂಗ್ಟನ್ ಎಲ್ಲ ಆಯ್ತು, ಈ ಸಲ ನೀವಿರೋ ರಾಜ್ಯಾನೇ ಸರಿಯಾಗಿ ತೋರ್ಸಮ್ಮ ಸಾಕು ಅಂತಿದಾರೆ. ಇಲ್ಲಿ ಯಾರನ್ನ ಕೇಳಿದ್ರೂ ಬೀಚು, ಬಿಲ್ಟ್‌ಮೋರ್ ಬಂಗಲೆ, ವೆಂಕಟೇಶ್ವರ ದೇವಸ್ಥಾನ, ಅಷ್ಟೇ ಹೇಳೋದು. ರೈಟ್ ಸಹೋದರರ ಜಾಗ ಗೊತ್ತು, ಅದು ಬಿಟ್ಟು ಇನ್ನೇನಿದೆ? ಅಮ್ಮಂಗೆ ಮಂಡಿ ನೋವು, ಜಾಸ್ತಿ ಮೆಟ್ಲು ಹತ್ತಕ್ಕಾಗಲ್ಲ. ಗೊತ್ತಿರೋರು ಸ್ವಲ್ಪ ವಿವರವಾಗೇ ಬರೀರಿ ಪ್ಲೀಸ್.

ಕರಾವಳಿ_ಮಂಜು:
ಮೇಡಂ, ರೈಟ್ ಸಹೋದರರ ಜಾಗ ಇರೋ ಕರಾವಳಿಯ ದ್ವೀಪಸಾಲು ಔಟರ್ ಬ್ಯಾಂಕ್ಸ್‌ಗೆ ಒಂದೇ ದಿನದಲ್ಲಿ ಹೋಗಿ ಬರೋ ಪ್ಲ್ಯಾನ್ ಮಾತ್ರ ಬೇಡ, ಕ್ಯಾರಿಯಿಂದ ಒಂದು ಕಡೆಗೇ ನಾಲ್ಕು ಗಂಟೆ ಹತ್ರ ಆಗುತ್ತೆ. ಮ್ಯಾಂಟಿಯೋ ಅಂತ ಊರಿದೆ, ಅಲ್ಲಿ ಎರಡು ರಾತ್ರಿ ಉಳ್ಕೊಳ್ಳಿ. ನಮ್ಮವರು ಎಲ್ರೂ ಕಿಲ್ ಡೆವಿಲ್ ಹಿಲ್ಸ್‌ಗೆ ಹೋಗಿ ವಿಮಾನದ ಮುಂದೆ ಫೋಟೋ ತಕ್ಕೊಂಡು ಬೀಚಿಗೆ ಇಳಿದು ವಾಪಸ್ ಬಂದ್ಬಿಡ್ತಾರೆ, ಸೇತುವೆ ದಾಟಿದ್ರೆ ಸಿಗೋ ರೋನೋಕ್ ದ್ವೀಪಕ್ಕೆ ಹೋಗೋದೇ ಇಲ್ಲ, ನಂಗೆ ಅದು ನಿಜವಾಗ್ಲೂ ಬೇಜಾರು.

ರೈಟ್ ಸಹೋದರರ ಜಾಗ ನೋಡ್ಲೇಬೇಕು ಅದ್ರಲ್ಲಿ ಎರಡು ಮಾತಿಲ್ಲ. 1903 ಡಿಸೆಂಬರ್ 17, ಮೊದಲ ಸಲ ಹಾರಿದ್ದು ಬರೀ 12 ಸೆಕೆಂಡು, 120 ಅಡಿ, ಅದೇ ದಿನ ನಾಲ್ಕನೇ ಸಲ 59 ಸೆಕೆಂಡು, 852 ಅಡಿ. ಒಂದೊಂದು ಸಲ ಇಳಿದ ಜಾಗಕ್ಕೂ ಒಂದೊಂದು ಕಲ್ಲು ನೆಟ್ಟಿದಾರೆ, ನೆಲ ಸಮ ಇದೆ, ಅಮ್ಮನೂ ಆ ಕಲ್ಲಿಂದ ಈ ಕಲ್ಲಿಗೆ ಆರಾಮಾಗಿ ನಡೀಬಹುದು, ಗುಡ್ಡದ ಮೇಲಿರೋ ಸ್ಮಾರಕಕ್ಕೆ ಮಾತ್ರ ಹತ್ತಿಸ್ಬೇಡಿ. ಓಹಾಯೋದ ಡೇಟನ್‌ನಿಂದ ಇಷ್ಟು ದೂರ ಯಾಕೆ ಬಂದ್ರು ಅಂದ್ರೆ ಇಲ್ಲಿ ಗಾಳಿ ಜೋರು, ಬಿದ್ರೆ ಮೆತ್ತಗಿನ ಮರಳು, ಬಂದು ಇಣುಕೋ ಜನಾನೂ ಕಮ್ಮಿ. ವಿಮಾನ ನೆಲ ಬಿಟ್ಟಿರೋ ಆ ಪ್ರಸಿದ್ಧ ಫೋಟೋ ಇದ್ಯಲ್ಲ, ಅದನ್ನ ಕ್ಲಿಕ್ ಮಾಡಿದ್ದು ಅಲ್ಲಿನ ಲೈಫ್ ಸೇವಿಂಗ್ ಸ್ಟೇಷನ್‌ನಲ್ಲಿ ಕೆಲ್ಸ ಮಾಡ್ತಿದ್ದ ಜಾನ್ ಡೇನಿಯಲ್ಸ್ ಅನ್ನೋರು. ಈ ಸಮುದ್ರಕ್ಕೆ ಅಟ್ಲಾಂಟಿಕ್‌ನ ಸ್ಮಶಾನ ಅಂತಾನೇ ಹೆಸರು, ನೀರೊಳಗೆ ಮರಳಿನ ದಿಬ್ಬಗಳು ಜಾಗ ಬದಲಾಯಿಸ್ತಾನೇ ಇರ್ತವೆ, ಹಡಗು ಸಿಕ್ಕಾಕೊಂಡು ಒಡೆಯೋದು ಮಾಮೂಲಿ, ಅದಕ್ಕೇ ಸರ್ಕಾರ ದಡದುದ್ದಕ್ಕೂ ಈ ಸ್ಟೇಷನ್‌ಗಳನ್ನ ಇಟ್ಟಿತ್ತು.

ಈಗ ರೋನೋಕ್‌ಗೆ ಬನ್ನಿ. 1587ರಲ್ಲಿ ಇಂಗ್ಲೆಂಡಿಂದ ಸುಮಾರು 115 ಜನ, ಹೆಂಗಸರು ಮಕ್ಕಳು ಸಮೇತ ಬಂದು ಇಲ್ಲಿ ನೆಲೆ ನಿಂತ್ರು, ಗವರ್ನರ್ ಜಾನ್ ವೈಟ್‌ನ ಮೊಮ್ಮಗಳು ವರ್ಜೀನಿಯಾ ಡೇರ್ ಇಲ್ಲೇ ಹುಟ್ಟಿದ್ದು. ಸಾಮಾನು ತರ್ತೀನಿ ಅಂತ ಹೋದ ವೈಟ್ ಸ್ಪೇನ್ ಯುದ್ಧದಿಂದಾಗಿ ಮೂರು ವರ್ಷ ಬರಕ್ಕೇ ಆಗ್ಲಿಲ್ಲ, 1590ರಲ್ಲಿ ಬಂದು ನೋಡಿದ್ರೆ ಒಬ್ರೂ ಇಲ್ಲ, ಕಂಬದ ಮೇಲೆ ಕ್ರೊಅಟೋನ್ ಅಂತ ಕೆತ್ತಿತ್ತು ಅಷ್ಟೇ. ಅದು ದಕ್ಷಿಣಕ್ಕಿರೋ ದ್ವೀಪದ ಹೆಸರು, ಈಗ ಹ್ಯಾಟರಸ್ ಅಂತೀವಲ್ಲ ಅದು, ಅಲ್ಲಿದ್ದ ಮೂಲನಿವಾಸಿ ಜನರ ಹೆಸರೂ ಅದೇ. ಅವರ ಜೊತೆ ಹೋಗಿ ಸೇರ್ಕೊಂಡ್ರಾ, ಏನಾಯ್ತು, ಇವತ್ತಿಗೂ ಖಚಿತ ಇಲ್ಲ. ಫೋರ್ಟ್ ರ‍್ಯಾಲಿ ಅನ್ನೋ ಪಾರ್ಕಲ್ಲಿ ಇದೆಲ್ಲ ಇದೆ, ಬೇಸಿಗೇಲಿ ರಾತ್ರಿ ಬಯಲು ನಾಟಕಾನೂ ಆಡ್ತಾರೆ, 1937ರಿಂದ ಶುರುವಾಗಿದ್ದು.

ಆದ್ರೆ ನಿಮ್ಮ ತಂದೆಯವರಿಗೆ ನಾನು ತೋರಿಸ್ಬೇಕು ಅನ್ನೋದು ಅದೇ ಪಾರ್ಕಲ್ಲಿರೋ ಇನ್ನೊಂದು ಸ್ಮಾರಕ. 1862ರಲ್ಲಿ ಅಂತರ್ಯುದ್ಧದ ಹೊತ್ತಲ್ಲಿ ಉತ್ತರದ ರಾಜ್ಯಗಳ ಯೂನಿಯನ್ ಸೈನ್ಯ ಈ ದ್ವೀಪ ಹಿಡಿದಾಗ ಸುತ್ತಮುತ್ತಲಿನ ಗುಲಾಮರು ದೋಣಿ ಹತ್ಕೊಂಡು ಓಡಿ ಬಂದ್ರು, ಮನೆ ಕಟ್ಕೊಂಡ್ರು, ಸ್ಕೂಲು ಚರ್ಚು ಎಲ್ಲ ಆಯ್ತು, ಮೂರು ಸಾವಿರಕ್ಕಿಂತ ಜಾಸ್ತಿ ಜನ ಸೇರಿದ್ರು. ಯುದ್ಧ ಮುಗಿದ್ಮೇಲೆ ಸರ್ಕಾರ ಭೂಮೀನ ಹಳೇ ಮಾಲೀಕರಿಗೇ ವಾಪಸ್ ಕೊಡ್ತು, 1867ಕ್ಕೆ ಎಲ್ಲ ಖಾಲಿ. ಇದೇ ದ್ವೀಪದಲ್ಲಿ ಗುಲಾಮನಾಗಿ ಹುಟ್ಟಿದ ರಿಚರ್ಡ್ ಎಥರಿಡ್ಜ್ ಯೂನಿಯನ್ ಸೈನ್ಯದಲ್ಲಿ ಹೋರಾಡಿ ಬಂದು 1880ರಲ್ಲಿ ಪೀ ಐಲ್ಯಾಂಡ್ ಲೈಫ್ ಸೇವಿಂಗ್ ಸ್ಟೇಷನ್‌ಗೆ ಮುಖ್ಯಸ್ಥರಾದ್ರು, ಅವರ ಕೈಕೆಳಗಿದ್ದ ತಂಡ ಪೂರ್ತಿ ಕಪ್ಪು ಜನರದ್ದೇ. 1896 ಅಕ್ಟೋಬರಲ್ಲಿ ಚಂಡಮಾರುತಕ್ಕೆ ಇ.ಎಸ್. ನ್ಯೂಮನ್ ಅನ್ನೋ ಹಡಗು ಸಿಕ್ಕಾಕೊಳ್ತು, ದೋಣಿ ಇಳ್ಸೋಕೇ ಆಗಲ್ಲ ಅನ್ನೋ ಅಲೆ, ಇವ್ರು ಇಬ್ಬಿಬ್ರು ಹಗ್ಗ ಕಟ್ಕೊಂಡು ಈಜ್ಕೊಂಡು ಹೋಗಿ ಒಬ್ಬೊಬ್ರನ್ನೇ ಎಳ್ಕೊಂಡು ಬಂದು ಒಂಬತ್ತು ಜನಾನೂ ಉಳಿಸಿದ್ರು. ಚಿನ್ನದ ಪದಕ ಸಿಕ್ಕಿದ್ದು 1996ರಲ್ಲಿ, ನೂರು ವರ್ಷ ಆದ್ಮೇಲೆ. ಎಥರಿಡ್ಜ್ ಅವರ ಸಮಾಧಿ ದ್ವೀಪದ ಅಕ್ವೇರಿಯಂ ಆವರಣದಲ್ಲೇ ಇದೆ, ಮೀನು ನೋಡಕ್ಕೆ ಹೋದೋರು ಪಕ್ಕದಲ್ಲೇ ನಡ್ಕೊಂಡು ಹೋಗ್ತಾರೆ, ಬಹಳ ಜನಕ್ಕೆ ಯಾರದ್ದು ಅಂತಾನೂ ಗೊತ್ತಿರಲ್ಲ. ಮ್ಯಾಂಟಿಯೋ ಊರೊಳಗೆ ಆ ಸ್ಟೇಷನ್ನಿನ ಅಡುಗೆಮನೇನ ತಂದಿಟ್ಟು ಪುಟ್ಟ ಮ್ಯೂಸಿಯಂ ಮಾಡಿದಾರೆ.

ಟೈಮಿದ್ರೆ ಹ್ಯಾಟರಸ್ ಲೈಟ್‌ಹೌಸ್ ಕೆಳಗಿಂದಾನೇ ನೋಡಿ. 1870ರಲ್ಲಿ ಕಟ್ಟಿದ್ದು, ಸಮುದ್ರ ಕೊರ್ಕೊಂಡು ಬುಡಕ್ಕೇ ಬಂತು ಅಂತ 1999ರಲ್ಲಿ ಇಡೀ ಗೋಪುರಾನೇ ಎತ್ತಿ ಹಳಿ ಮೇಲೆ 2900 ಅಡಿ ಜರುಗಿಸಿದ್ರು. ಊಟಕ್ಕೆ ಅಲ್ಲೆಲ್ಲ ಸೀಫುಡ್ಡೇ ಜಾಸ್ತಿ, ಸಸ್ಯಾಹಾರಿ ಆದ್ರೆ ಚಪಾತಿ, ಚಿತ್ರಾನ್ನ ಕಟ್ಕೊಂಡು ಹೋಗಿ.

ಡರಂ_ಅತ್ತಿಗೆ:
ಮಂಜು ಅವ್ರು ಹೇಳಿದ್ದು ಸರಿ, ಆದ್ರೆ ಅಷ್ಟು ದೂರ ಹೋಗೋ ಮುಂಚೆ ನಿಮ್ಮ ಮನೆ ಪಕ್ಕದ್ದು ನೋಡಿ ತಂಗಿ. ಡರಂನಲ್ಲಿ ಸ್ಟ್ಯಾಗ್‌ವಿಲ್ ಅಂತ ಗುಲಾಮರನ್ನ ದುಡಿಸ್ತಿದ್ದ ಹಳೇ ಎಸ್ಟೇಟ್ ಇದೆ, ಕ್ಯಾರಿಯಿಂದ ಮುಕ್ಕಾಲು ಗಂಟೆ. 1860ರ ಹೊತ್ತಿಗೆ ಅದರ ಮಾಲೀಕ ಕುಟುಂಬದ ಹತ್ರ ಸುಮಾರು 30,000 ಎಕರೆ, 900 ಜನ ಗುಲಾಮರು. ದೊಡ್ಡ ಮನೆಗಿಂತ ಗುಲಾಮರು ಇದ್ದ ಹಾರ್ಟನ್ ಗ್ರೋವ್ ಮನೆಗಳನ್ನ ನೋಡ್ಬೇಕು, ಚಿಮಣಿ ಇಟ್ಟಿಗೆ ಮೇಲೆ ಬೆರಳಚ್ಚು ಹಾಗೇ ಉಳ್ಕೊಂಡಿದೆ, ಹಸಿ ಮಣ್ಣಲ್ಲಿ ಕೆಲ್ಸ ಮಾಡಿದೋರ ಕೈದು. ಗೈಡ್ ಜೊತೆ ಹೋದ್ರೇನೇ ಒಳ್ಳೇದು, ಟೂರ್ ಟೈಮಿಂಗ್ ಮೊದ್ಲೇ ನೋಡ್ಕೊಳ್ಳಿ. ಅದೇ ಊರಲ್ಲಿ ಬೆನೆಟ್ ಪ್ಲೇಸ್ ಇದೆ, ಚಿಕ್ಕ ರೈತನ ಮನೆ, 1865 ಏಪ್ರಿಲ್ 26ಕ್ಕೆ ದಕ್ಷಿಣದ ಸೈನ್ಯದ ಜನರಲ್ ಜಾನ್‌ಸ್ಟನ್ ಯೂನಿಯನ್ ಕಡೆಯ ಜನರಲ್ ಶೆರ್ಮನ್‌ಗೆ ಶರಣಾಗಿದ್ದು ಅಲ್ಲಿ, ಅಂತರ್ಯುದ್ಧದಲ್ಲಿ ಅದೇ ಎಲ್ಲಕ್ಕಿಂತ ದೊಡ್ಡ ಶರಣಾಗತಿ. ಎರಡೂ ಒಂದೇ ದಿನಕ್ಕೆ ಆಗುತ್ತೆ.

ಇನ್ನೊಂದು ದಿನ ಗ್ರೀನ್ಸ್‌ಬರೋ ಇಟ್ಕೊಳ್ಳಿ. 1960 ಫೆಬ್ರವರಿ 1ಕ್ಕೆ ನಾಲ್ಕು ಕಾಲೇಜು ಹುಡುಗ್ರು ವೂಲ್‌ವರ್ತ್ ಅಂಗಡಿಯ ಊಟದ ಕೌಂಟರಲ್ಲಿ ಕೂತು ಕಾಫಿ ಕೇಳಿದ್ರು, ಬಿಳಿಯರಿಗೆ ಮಾತ್ರ ಅಂತ ಕೊಡ್ಲಿಲ್ಲ, ಇವ್ರು ಏಳ್ಲಿಲ್ಲ. ಮಾರನೇ ದಿನ ಇನ್ನಷ್ಟು ಜನ ಬಂದ್ರು, ಬೇರೆ ಬೇರೆ ರಾಜ್ಯಗಳಿಗೂ ಹಬ್ತು, ಜುಲೈಗೆ ಆ ಅಂಗಡಿಯವರು ಬಗ್ಗಿದ್ರು. ಆ ಕೌಂಟರ್ ಅದೇ ಕಟ್ಟಡದಲ್ಲಿ ಅದೇ ಜಾಗದಲ್ಲಿ ಇದೆ, 2010ರಿಂದ ಮ್ಯೂಸಿಯಂ. ಉಪ್ಪಿನ ಸತ್ಯಾಗ್ರಹ ಪಾಠ ಮಾಡಿರೋ ಮೇಷ್ಟ್ರಿಗೆ ಅಲ್ಲಿ ನಾವು ವಿವರಿಸೋ ಅಗತ್ಯಾನೇ ಬೀಳಲ್ಲ.

ಬೆಟ್ಟದ_ಗಾಳಿ:
ವಯಸ್ಸಾದೋರು ರಜಕ್ಕೆ ಅಂತ ಬರ್ತಾರೆ, ಬರೀ ಗುಲಾಮಗಿರಿ, ಯುದ್ಧ ತೋರ್ಸಿದ್ರೆ ಅವರಿಗೂ ಭಾರ ಆಗುತ್ತೆ ಅಂತ ನನ್ನ ಅಭಿಪ್ರಾಯ. ಷಾರ್ಲೆಟ್ ಹತ್ರ ರೀಡ್ ಗೋಲ್ಡ್ ಮೈನ್‌ಗೆ ಹೋಗಿ. 1799ರಲ್ಲಿ ಕಾನ್ರಡ್ ರೀಡ್ ಅನ್ನೋ 12 ವರ್ಷದ ಹುಡುಗಂಗೆ ಹಳ್ಳದಲ್ಲಿ 17 ಪೌಂಡಿನ ಹಳದಿ ಕಲ್ಲು ಸಿಕ್ತು, ಚಿನ್ನ ಅಂತ ಗೊತ್ತಾಗ್ದೆ ಮೂರು ವರ್ಷ ಬಾಗಿಲಿಗೆ ಒತ್ತಿಡಕ್ಕೆ ಬಳಸಿದ್ರು, ಆಮೇಲೆ ಅಪ್ಪ ಅದನ್ನ ಅಕ್ಕಸಾಲಿಗಂಗೆ ಮೂರೂವರೆ ಡಾಲರ್‌ಗೆ ಮಾರಿದ್ರು. ಕ್ಯಾಲಿಫೋರ್ನಿಯಾಗಿಂತ ಎಷ್ಟೋ ಮುಂಚೆ ಇಲ್ಲಿ ಚಿನ್ನದ ಗಲಾಟೆ ಶುರುವಾಗಿ ಷಾರ್ಲೆಟ್ಟಲ್ಲಿ ಟಂಕಸಾಲೆ ಕೂಡ ಬಂತು. ಆಮೇಲೆ ಚೆರೋಕೀ ಕಡೆ ಬೆಟ್ಟಕ್ಕೆ ಹೋಗಿ, ಹವಾನೂ ತಂಪು. 2024ರ ಹೆಲೀನ್ ಚಂಡಮಾರುತದಿಂದ ಬೆಟ್ಟದ ರಸ್ತೆ ಬ್ಲೂ ರಿಡ್ಜ್ ಪಾರ್ಕ್‌ವೇ ತುಂಬ ಹಾಳಾಗಿತ್ತು, ಯಾವ ಭಾಗ ತೆಗ್ದಿದೆ ಅಂತ ನೋಡ್ಕೊಂಡು ಹೊರಡಿ.

ಡರಂ_ಅತ್ತಿಗೆ:
ಚೆರೋಕೀ ಹೋಗ್ಲೇಬೇಕು, ಒಪ್ದೆ. ಆದ್ರೆ ಅಲ್ಲೂ ಕಥೆ ಹಗುರ ಅಲ್ಲ, 1838ರಲ್ಲಿ ಸೈನ್ಯ ಚೆರೋಕೀ ಮೂಲನಿವಾಸಿ ಜನರನ್ನ ಮನೆಗಳಿಂದ ಎಬ್ಬಿಸಿ ಒಕ್ಲಹೋಮ ಕಡೆ ನಡೆಸ್ಕೊಂಡು ಹೋಯ್ತು, ಸಾವಿರಾರು ಜನ ತೀರ್ಕೊಂಡ್ರು, ಬೆಟ್ಟದಲ್ಲೇ ಉಳ್ಕೊಂಡೋರ ಮಕ್ಕಳು ಮೊಮ್ಮಕ್ಕಳೇ ಈಗ ಅಲ್ಲಿರೋದು, ಮ್ಯೂಸಿಯಂ ಅವರೇ ನಡೆಸ್ತಾರೆ. ಹಿರಿಯರಿಗೆ ಭಾರ ಆಗುತ್ತೆ ಅಂತ ನಾವೇ ಯಾಕೆ ತೀರ್ಮಾನ ಮಾಡೋದು, ಅವರನ್ನೇ ಕೇಳಿ.

ಹೇಮಾವತಿ_ತೀರ:
ಅಪ್ಪಂಗೆ ಫೋನಲ್ಲಿ ಇದೆಲ್ಲ ಓದಿ ಹೇಳ್ದೆ. ಎಥರಿಡ್ಜ್ ಅವರದ್ದು ಎರಡು ಸಲ ಓದಿಸಿದ್ರು, ಮೊದಲು ಮ್ಯಾಂಟಿಯೋಗೇ ಹೋಗೋಣ ಅಂದ್ರು, ಮೇ ತಿಂಗಳಲ್ಲಿ ರೂಮ್ ನೋಡ್ತಿದೀನಿ. ಎಲ್ರಿಗೂ ತುಂಬಾ ಥ್ಯಾಂಕ್ಸ್. ನಮ್ಮೆಜಮಾನ್ರು ವಿಲ್ಮಿಂಗ್ಟನ್ ಬೀಚಿಗೂ ಹೋಗೋಣ ಅಂತಿದಾರೆ, ಅಲ್ಲಿ ಯುದ್ಧನೌಕೆ ಬಿಟ್ಟು ಏನಾದ್ರೂ ಇದ್ಯಾ?

ಕರಾವಳಿ_ಮಂಜು:
ಇದೆ ಮೇಡಂ. ನೌಕೆಗೆ ಹೋದ್ರೆ ಅಮ್ಮಂಗೆ ಒಳಗಡೆ ಏಣಿ ಕಷ್ಟ, ಮೇಲಿನ ಡೆಕ್ ಅಷ್ಟೇ ಸಾಕು. ಊರೊಳಗೆ 1898 ಮೆಮೋರಿಯಲ್ ಪಾರ್ಕ್ ಅಂತ ಇದೆ, ಅದನ್ನ ಬಿಡ್ಬೇಡಿ. ಆ ವರ್ಷ ನವೆಂಬರ್ 10ಕ್ಕೆ ಬಂದೂಕು ಹಿಡಿದ ಬಿಳಿಯರ ಗುಂಪು ಕಪ್ಪು ಜನರ ಪತ್ರಿಕೆ ಡೇಲಿ ರೆಕಾರ್ಡ್ ಆಫೀಸಿಗೆ ಬೆಂಕಿ ಇಟ್ಟು, ಬೀದಿಗಳಲ್ಲಿ ಜನರನ್ನ ಕೊಂದು, ಚುನಾಯಿತ ಮೇಯರ್‌ನ, ಕೌನ್ಸಿಲ್‌ನೋರನ್ನ ಅದೇ ದಿನ ರಾಜೀನಾಮೆ ಕೊಡ್ಸಿ ತಾವೇ ಕೂತ್ಕೊಂಡ್ರು. ಬಹಳ ಕುಟುಂಬಗಳು ಜೌಗಿನೊಳಗೆ ಹೋಗಿ ಬಚ್ಚಿಟ್ಕೊಂಡ್ವು, ಎಷ್ಟೋ ಜನ ಊರಿಗೆ ಮತ್ತೆ ಬರ್ಲೇ ಇಲ್ಲ. ದಶಕಗಳ ಕಾಲ ಅದನ್ನ ಕಪ್ಪು ಜನರ ದಂಗೆ ಅಂತಾನೇ ಹೇಳ್ಕೊಂಡು ಬಂದಿದ್ರು, 2006ರಲ್ಲಿ ರಾಜ್ಯವೇ ನೇಮಿಸಿದ ಆಯೋಗ ವರದಿ ಕೊಟ್ಟು ಅದು ಮೊದಲೇ ಹೂಡಿದ ಸಂಚು ಅಂತ ದಾಖಲೆ ಸಮೇತ ಹೇಳ್ತು. ಪಾರ್ಕಿನ ಬೋರ್ಡುಗಳು ವಿವರವಾಗಿವೆ, ಅಪ್ಪಂಗೆ ಅರ್ಧ ಗಂಟೆ ಬೇಕು, ನೆರಳು ಕಮ್ಮಿ, ಬೆಳಿಗ್ಗೆನೇ ಹೋಗಿ.