ಟೆಂಪೊ ಟ್ರಾವೆಲರ್ ಮೋಟರ್‌ಹೋಮ್: ಎಲ್ಲಾ ಒಟ್ಟಿಗೆ ಹಾಕಿದರೆ ನಡುರಾತ್ರಿ ಇನ್ವರ್ಟರ್ ಬಂದ್, ದೊಡ್ಡದು ತಗೋಬೇಕಾ?

ವಿದ್ಯಾನಗರದಾಕಿ, ಹುಬ್ಬಳ್ಳಿ

ಎಲ್ಲರಿಗೂ ನಮಸ್ಕಾರ. 2016ರ ಟೆಂಪೊ ಟ್ರಾವೆಲರ್ ಒಂದನ್ನು ತಗೊಂಡು ಒಳಗೆ ಮಂಚ, ಸಣ್ಣ ಅಡುಗೆ ಕಟ್ಟೆ, ಫ್ರಿಜ್ ಕೂರಿಸಿ ಮೋಟರ್‌ಹೋಮ್ ಮಾಡಿಸಿದ್ದೇವೆ. ಗಾಡಿ ಓಡುವುದರಲ್ಲಿ ತಕರಾರಿಲ್ಲ. ತಕರಾರು ಇರುವುದು ಕರೆಂಟಿಂದು.

ಗಾಡಿಯ ಬ್ಯಾಟರಿ ಬೇರೆ ಇದೆ. ಹಿಂದೆ ಮಂಚದ ಕೆಳಗೆ ಮನೆಗೆ ಹಾಕುವಂಥ 150 ಎಎಚ್ (ಆಂಪಿಯರ್-ಅವರ್) ಟ್ಯೂಬುಲರ್ ಬ್ಯಾಟರಿ, ಅದಕ್ಕೆ 850 ವಿಎ ಇನ್ವರ್ಟರ್. ಡೈನಮೊದಿಂದ ಒಂದು ರಿಲೇ (ತಾನೇ ಆನ್-ಆಫ್ ಆಗುವ ಸ್ವಿಚ್) ಹಾಕಿ ಹಿಂದಿನವರೆಗೆ ವೈರ್ ಎಳೆದಿದ್ದಾರೆ, ಗಾಡಿ ಓಡುವಾಗ ಚಾರ್ಜ್ ಆಗಲಿ ಅಂತ. 40 ಲೀಟರಿನ 12 ವೋಲ್ಟ್ ಫ್ರಿಜ್ ನೇರ ಬ್ಯಾಟರಿಗೆ. ಉಳಿದದ್ದೆಲ್ಲ ಇನ್ವರ್ಟರಿನಿಂದ ಬರುವ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ: ನನ್ನ ಆಫೀಸ್ ಲ್ಯಾಪ್‌ಟಾಪ್, ಮೂರು ಫೋನ್, ವೈಫೈ ರೂಟರ್, ಫ್ಯಾನ್, ಲೈಟು, ಆಗಾಗ ಮಿಕ್ಸಿ. ಮಾವನವರಿಗೆ ರಾತ್ರಿ ನಿದ್ದೆಯಲ್ಲಿ ಉಸಿರು ಕಟ್ಟದಂತೆ ಗಾಳಿ ಒತ್ತುವ ಸಿಪ್ಯಾಪ್ ಮಷೀನ್ ಬೇಕೇ ಬೇಕು.

ಮಾಗಡಿ ಕೆರೆಗೆ ಹಕ್ಕಿ ನೋಡಲು ಹೋಗಿದ್ದಾಗ ನಡುರಾತ್ರಿ ಇನ್ವರ್ಟರ್ ಬೀಪ್ ಹೊಡೆದು ಬಂದ್ ಆಯ್ತು. ಮಾವನವರು ಉಸಿರು ಕಟ್ಟಿದಂತಾಗಿ ಎದ್ದು ಕೂತರು. ನಮ್ಮ ಮನೆಯವರು 2 ಕೆವಿಎ ಇನ್ವರ್ಟರ್ ತರೋಣ ಅಂತಾರೆ. ಗಾಡಿ ಕಟ್ಟಿದವನು ಇನ್ನೊಂದು ಬ್ಯಾಟರಿ ಹಾಕಿಸಿ ಅಂತಾನೆ. ಯಾರ ಮಾತು ಕೇಳಬೇಕೋ ತಿಳಿಯುತ್ತಿಲ್ಲ. ಇಷ್ಟು ಸಾಮಾನು ಒಟ್ಟಿಗೆ ನಡೆಸಲು ಸರಿಯಾದ ದಾರಿ ಯಾವುದು?

ಗೋಕುಲ ರೋಡ್ ವೈರಿಂಗ್

ಅಕ್ಕಾರ, ಇನ್ವರ್ಟರ್ ದೊಡ್ಡದು ಮಾಡಿದರೆ ಇನ್ನೂ ಬೇಗ ಬಂದ್ ಆಗುತ್ತದೆ. ಇನ್ವರ್ಟರ್ ಎಷ್ಟು ವಿಎ ಅನ್ನೋದು ಒಂದೇ ಸಲಕ್ಕೆ ಎಷ್ಟು ಎಳೆಯಬಹುದು ಅನ್ನೋ ಲೆಕ್ಕ. ಅದು ಎಷ್ಟು ಹೊತ್ತು ನಡೆಯುತ್ತದೆ ಅನ್ನೋದನ್ನ ಬ್ಯಾಟರಿ ಹೇಳುತ್ತದೆ. ನಿಮ್ಮದು ಓವರ್‌ಲೋಡ್ ಆಗಿ ಬಂದ್ ಆಗಿದ್ದರೆ ಮಿಕ್ಸಿ ಹಾಕಿದಾಗಲೇ ಆಗಬೇಕಿತ್ತು, ಎಲ್ಲರೂ ಮಲಗಿದ ಮೇಲೆ ಅಲ್ಲ.

ಒಂದು ದಿನದ ಖರ್ಚು ವ್ಯಾಟ್-ಅವರ್‌ನಲ್ಲಿ, ಅಂದ್ರೆ ವ್ಯಾಟನ್ನು ತಾಸಿನಿಂದ ಗುಣಿಸಿ, ಬರೆದು ನೋಡಿ. ಫ್ರಿಜ್ ಓಡುವಾಗ 45 ವ್ಯಾಟ್ ಹಿಡಿಯಿರಿ, ಬಿಸಿಲಿಗೆ ದಿನದ ಶೇ 40ರಷ್ಟು ಹೊತ್ತು ಓಡಿದರೂ 430. ಲ್ಯಾಪ್‌ಟಾಪ್ 40 ವ್ಯಾಟಿನಂತೆ ಆರು ತಾಸು, 240. ಸಿಪ್ಯಾಪ್ 30 ವ್ಯಾಟಿನಂತೆ ಎಂಟು ತಾಸು, ಮತ್ತೆ 240. ಫ್ಯಾನ್ 20 ವ್ಯಾಟಿಂದು ಅಂದುಕೊಂಡರೆ ಹತ್ತು ತಾಸಿಗೆ 200. ರೂಟರ್ 100, ಫೋನುಗಳು ಎಲ್ಲಾ ಸೇರಿ 60, ಲೈಟು 50. ಮಿಕ್ಸಿ 500 ವ್ಯಾಟ್ ಅಂದ್ರೂ ಆರು ನಿಮಿಷ ತಿರುಗಿಸಿದರೆ ಬರೀ 50. ಎಲ್ಲರೂ ಮಿಕ್ಸಿಗೆ ಹೆದರುತ್ತಾರೆ, ಬ್ಯಾಟರಿ ತಿನ್ನೋದು ಸುಮ್ನೆ ಮೂಲೆಯಲ್ಲಿ ಕೂತ ಫ್ರಿಜ್ಜು, ರೂಟರು.

ಒಟ್ಟು 1370 ಆಯ್ತು. ಫ್ರಿಜ್ ಬಿಟ್ಟು ಉಳಿದದ್ದು ಇನ್ವರ್ಟರ್ ಮೂಲಕ ಹೋಗೋದರಿಂದ ಅಲ್ಲಿ ಶೇ 15ರಷ್ಟು ಬಿಸಿಯಾಗಿ ಹಾಳು. ಮೇಲಿಂದ ಇನ್ವರ್ಟರ್ ಆನ್ ಇದ್ದರೆ ಸಾಕು, ಏನೂ ಹಾಕದೆ ಇದ್ದರೂ ತಾನೇ 15 ವ್ಯಾಟ್ ತಿಂದರೆ ದಿನಕ್ಕೆ 360, ದೊಡ್ಡ ಇನ್ವರ್ಟರ್ ಆದರೆ ಇನ್ನೂ ಜಾಸ್ತಿ. ಎಲ್ಲಾ ಕೂಡಿಸಿದರೆ 1900ರ ಹತ್ತಿರ ಬಂತು. ನಿಮ್ಮ 150 ಎಎಚ್ ಬ್ಯಾಟರಿ 12 ವೋಲ್ಟಿಗೆ 1800. ಅದು ಲೆಡ್ ಆಸಿಡ್, ದಿನಾ ಅರ್ಧಕ್ಕಿಂತ ಜಾಸ್ತಿ ತೆಗೆದರೆ ಬೇಗ ಸಾಯುತ್ತದೆ. ಅಂದ್ರೆ ನಿಜವಾಗಿ ಕೈಗೆ ಸಿಗೋದು 900. ನಡುರಾತ್ರಿ ಬಂದ್ ಆಗದೆ ಇನ್ನೇನಾಗಬೇಕು?

ಮಾಳಮಡ್ಡಿ ಮಾಸ್ತರ್, ಧಾರವಾಡ

ಲೆಕ್ಕ ಸರಿ ಇದೆ. ಹಾಗಿದ್ದರೆ ಗಾಡಿ ಕಟ್ಟಿದವನು ಹೇಳಿದ್ದೇ ಸರಿ ಅಲ್ವಾ? ಅದೇ ಅಳತೆಯ ಇನ್ನೊಂದು ಟ್ಯೂಬುಲರ್ ಪ್ಯಾರಲಲ್ ಹಾಕಿದರೆ 1800 ಕೈಗೆ ಸಿಗುತ್ತದೆ, ಖರ್ಚೂ ಕಡಿಮೆ. ನೀರು ಹಾಕುತ್ತಾ ಹೋದರೆ ಆಯಿತು. ಈ ಲಿಥಿಯಂ ಅಂತ ಎಲ್ಲರೂ ಕುಣಿಯುವುದು ನನಗೆ ಅಷ್ಟು ಹಿಡಿಸುವುದಿಲ್ಲ. ಕೆಟ್ಟರೆ ರಿಪೇರಿ ಮಾಡುವವರು ಎಲ್ಲಿ ಸಿಗುತ್ತಾರೆ?

ಕಪ್ಪತಗುಡ್ಡ ಗಾಳಿ, ಗದಗ

ಮಾಸ್ತರ್ ಸರ್, ಮನೆಯಲ್ಲಿ ನಾನೂ ಟ್ಯೂಬುಲರ್ರೇ ಇಟ್ಟಿದ್ದೇನೆ. ಗಾಡಿಯಲ್ಲಿ ಬೇಡ. ಹೊಸ ಬ್ಯಾಟರಿಯನ್ನು ಹಳೆಯದರ ಜೊತೆ ಪ್ಯಾರಲಲ್ ಹಾಕಿದರೆ ಹಳೆಯದು ಹೊಸದನ್ನೂ ಎಳೆದು ಕೆಡಿಸುತ್ತದೆ. ಒಂದೊಂದು ಟ್ಯೂಬುಲರ್ 50 ಕೆಜಿ ಮೇಲೆ ತೂಗುತ್ತದೆ, ಎರಡು ಅಂದ್ರೆ ಹಿಂದಿನ ಸೀಟಿನಲ್ಲಿ ಒಬ್ಬ ದಪ್ಪ ಮನುಷ್ಯನನ್ನು ಖಾಯಂ ಕೂರಿಸಿಕೊಂಡು ತಿರುಗಿದಂತೆ. ಮುಖ್ಯವಾದದ್ದು ಬೇರೆ. ನೀರು ಹಾಕುವ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ, ಜೊತೆಗೆ ಆಸಿಡ್ ಹಬೆ. ಅಕ್ಕನವರು ಅದನ್ನ ಮಲಗುವ ಮಂಚದ ಕೆಳಗೆ ಇಟ್ಟಿದ್ದಾರೆ! ಅಲ್ಲಿಂದ ಹೊರಕ್ಕೆ ಗಾಳಿ ಹೋಗುವ ಪೈಪ್ ಇಲ್ಲದಿದ್ದರೆ ಮೊದಲು ಅದನ್ನು ಅಲ್ಲಿಂದ ತೆಗೆಸಿ, ಉಳಿದ ಚರ್ಚೆ ಆಮೇಲೆ.

ನನ್ನ ಮಾತು ಇಷ್ಟು: 12.8 ವೋಲ್ಟ್, 200 ಎಎಚ್ ಲಿಥಿಯಂ ಐರನ್ ಫಾಸ್ಫೇಟ್, ಅಂಗಡಿಯಲ್ಲಿ ಎಲ್‌ಎಫ್‌ಪಿ ಅಂದರೆ ಕೊಡುತ್ತಾರೆ. 2560 ವ್ಯಾಟ್-ಅವರ್, ಅದರಲ್ಲಿ ಶೇ 80 ಧೈರ್ಯವಾಗಿ ಬಳಸಬಹುದು, ತೂಕ ಒಂದು ಟ್ಯೂಬುಲರಿನ ಅರ್ಧ. ಒಳಗೆ ಬಿಎಂಎಸ್ (ಬ್ಯಾಟರಿಯನ್ನು ಕಾಯುವ ಸರ್ಕ್ಯೂಟ್) ಇರುವುದನ್ನೇ ತಗೊಳ್ಳಿ. ನಮ್ಮ ಕಡೆ ಚಳಿಯ ಭಯವಿಲ್ಲ, ಬಿಸಿಲಿನ ಭಯ ಇದೆ. ತುಂಬಾ ಎಲ್‌ಎಫ್‌ಪಿ ಬ್ಯಾಟರಿಗಳಿಗೆ ಚಾರ್ಜ್ ಮಾಡುವಾಗ 45 ಡಿಗ್ರಿ ಆಸುಪಾಸು ಮಿತಿ ಇರುತ್ತದೆ. ಏಪ್ರಿಲ್‌ನಲ್ಲಿ ಗದಗದಲ್ಲಿ ಕಿಟಕಿ ಮುಚ್ಚಿ ಬಿಸಿಲಿಗೆ ನಿಲ್ಲಿಸಿದ ಗಾಡಿಯೊಳಗೆ ಅದನ್ನ ದಾಟುವುದು ಏನೂ ಕಷ್ಟವಿಲ್ಲ. ಎಂಜಿನ್ ಕಡೆಗೆ ಇಡಬೇಡಿ, ನೆರಳಿನ ಬದಿ ನೆಲಕ್ಕೆ ಇಡಿ.

ಮತ್ತೆ ಆ ರಿಲೇ. ಲಿಥಿಯಂ ಹಾಕಿದರೆ ರಿಲೇ ಬೇಡವೇ ಬೇಡ. ಖಾಲಿ ಲಿಥಿಯಂ ಸಿಕ್ಕಷ್ಟು ಕರೆಂಟ್ ಎಳೆಯುತ್ತದೆ, ಗಾಡಿ ಐಡಲಿಂಗ್‌ನಲ್ಲಿ ನಿಂತಿದ್ದರೆ ಡೈನಮೊ ತಣ್ಣಗಾಗದೆ ಸುಟ್ಟು ಹೋಗಬಹುದು. 30 ಆಂಪಿಯರಿನ ಡಿಸಿ-ಟು-ಡಿಸಿ ಚಾರ್ಜರ್ ಹಾಕಿಸಿ. ಅದು ಎಳೆಯುವುದಕ್ಕೆ ಮಿತಿ ಹಾಕುತ್ತದೆ, ವೋಲ್ಟೇಜನ್ನೂ ಬ್ಯಾಟರಿಗೆ ಬೇಕಾದಷ್ಟಕ್ಕೆ ಎತ್ತಿ ಕೊಡುತ್ತದೆ. ಬಿಎಸ್6 ಗಾಡಿ ಇರುವವರೂ ಓದುತ್ತಿದ್ದರೆ ಕೇಳಿ: ಹೊಸ ಗಾಡಿಗಳಲ್ಲಿ ಎಷ್ಟೋ ಸ್ಮಾರ್ಟ್ ಡೈನಮೊಗಳು ಓಡುವಾಗಲೇ ವೋಲ್ಟೇಜ್ ಇಳಿಸುತ್ತವೆ, ಅಲ್ಲಿ ರಿಲೇ ಇದ್ದೂ ಇಲ್ಲದ ಲೆಕ್ಕ.

ಆದರೆ ಗಾಡಿ ಓಡಿಸಿಯೇ ತುಂಬಿಸುತ್ತೇವೆ ಅಂದುಕೊಳ್ಳಬೇಡಿ. 30 ಆಂಪಿಯರ್ ಅಂದರೆ 420 ವ್ಯಾಟ್. ಹುಬ್ಬಳ್ಳಿಯಿಂದ ಗದಗಕ್ಕೆ ಬರುವ ಸುಮಾರು 60 ಕಿಲೋಮೀಟರಿನಲ್ಲಿ ಸಿಗೋದು 500 ವ್ಯಾಟ್-ಅವರ್ ಚಿಲ್ಲರೆ. ಅಷ್ಟು ಫ್ರಿಜ್ಜಿಗೇ ಸರಿಹೋಯಿತು.

ವಿದ್ಯಾನಗರದಾಕಿ, ಹುಬ್ಬಳ್ಳಿ

ಪೈಪ್ ಇಲ್ಲ! ಬ್ಯಾಟರಿ ಇವತ್ತೇ ಇಳಿಸುತ್ತೇವೆ. ಇನ್ನೊಂದು ಕೇಳಬೇಕು. ಇನ್ವರ್ಟರೇ ಇಷ್ಟು ತಿನ್ನುತ್ತದೆ ಅಂದಮೇಲೆ ಲ್ಯಾಪ್‌ಟಾಪ್, ಸಿಪ್ಯಾಪ್ ಇವನ್ನೆಲ್ಲ ಇನ್ವರ್ಟರ್ ಇಲ್ಲದೆ ನಡೆಸಬಹುದಾ? ಡ್ಯಾಶ್‌ಬೋರ್ಡಿನ ಸಿಗರೇಟ್ ಸಾಕೆಟ್ಟಿಗೆ ಮೂರು ಬಾಯಿಯ ಅಡಾಪ್ಟರ್ ಸಿಗುತ್ತದಲ್ಲ, ಅದನ್ನ ಹಾಕಿದರೆ ನಡೆಯುತ್ತದಾ?

ಗೋಕುಲ ರೋಡ್ ವೈರಿಂಗ್

ಇನ್ವರ್ಟರ್ ಇಲ್ಲದೆ ನಡೆಸೋದೇ ಸರಿ. ಸಿಗರೇಟ್ ಸಾಕೆಟ್ ಮಾತ್ರ ಬೇಡ. ಬಾಯಿ ಮೂರಾದರೂ ಹಿಂದಿರುವ ಫ್ಯೂಸ್ ಒಂದೇ, 10 ಅಥವಾ 15 ಆಂಪಿಯರಿಂದು. ಅಂದ್ರೆ ಎಲ್ಲಾ ಸೇರಿ 120ರಿಂದ 180 ವ್ಯಾಟ್. ಫ್ಯೂಸ್ ಹೋಗುತ್ತಿದೆ ಅಂತ ದೊಡ್ಡ ಫ್ಯೂಸ್ ಹಾಕುವ ಬುದ್ಧಿವಂತರು ಇದ್ದಾರೆ, ಆಮೇಲೆ ಡ್ಯಾಶ್‌ಬೋರ್ಡ್ ಒಳಗಿನ ವೈರೇ ಫ್ಯೂಸ್ ಕೆಲಸ ಮಾಡುತ್ತದೆ. ಮೇಲಾಗಿ ಆ ಸಾಕೆಟ್ ಗಾಡಿಯ ಬ್ಯಾಟರಿಯಿಂದ ಬರುತ್ತದೆ, ಬೆಳಿಗ್ಗೆ ಗಾಡಿ ಸ್ಟಾರ್ಟ್ ಆಗದಿದ್ದರೆ ತಳ್ಳುವವರು ಯಾರು?

ಹೀಗೆ ಮಾಡಿಸಿ. ಹಿಂದಿನ ಬ್ಯಾಟರಿಯ ಪ್ಲಸ್ ಕಂಬದಿಂದ ಒಂದು ಗೇಣಿನೊಳಗೆ ಮೇನ್ ಫ್ಯೂಸ್. ಅಲ್ಲಿಂದ ದಪ್ಪ ವೈರಿನಲ್ಲಿ ಎಂಟು ದಾರಿಯ ಬ್ಲೇಡ್ ಫ್ಯೂಸ್ ಬಾಕ್ಸ್. ಅದರಿಂದ ಒಂದೊಂದು ಸಾಮಾನಿಗೆ ಒಂದೊಂದು ವೈರ್, ಒಂದೊಂದು ಫ್ಯೂಸ್. ಫ್ರಿಜ್ಜಿಗೆ ಬೇರೆ, ಫ್ಯಾನಿಗೆ ಬೇರೆ, ಮಂಚದ ಪಕ್ಕದ ಸಾಕೆಟ್ಟಿಗೆ ಬೇರೆ. ಲ್ಯಾಪ್‌ಟಾಪ್ ಟೈಪ್-ಸಿ ಇಂದ ಚಾರ್ಜ್ ಆಗುವಂಥದ್ದಿದ್ದರೆ 65 ವ್ಯಾಟಿನ 12 ವೋಲ್ಟ್ ಪಿಡಿ ಚಾರ್ಜರ್ (ಟೈಪ್-ಸಿ ಫಾಸ್ಟ್ ಚಾರ್ಜರ್) ಸಾಕು. 12 ವೋಲ್ಟನ್ನು 230 ಮಾಡಿ ಮತ್ತೆ 20ಕ್ಕೆ ಇಳಿಸುವ ಸರ್ಕಸ್ ತಪ್ಪುತ್ತದೆ. ರೂಟರ್ ಅಡಾಪ್ಟರ್ ಮೇಲೆ 12 ವೋಲ್ಟ್ ಅಂತ ಇದ್ದರೂ ನೇರ ಕೊಡಬೇಡಿ, ಚಾರ್ಜ್ ಆಗುವಾಗ ಬ್ಯಾಟರಿ ವೋಲ್ಟೇಜ್ 14.4ರವರೆಗೆ ಹೋಗುತ್ತದೆ. ನಡುವೆ 12 ವೋಲ್ಟ್ ರೆಗ್ಯುಲೇಟರ್ ಹಾಕಿ.

ಸಿಪ್ಯಾಪ್ ಅಡಾಪ್ಟರ್ ಮೇಲೆ ಔಟ್‌ಪುಟ್ ಏನು ಬರೆದಿದೆ ನೋಡಿ. ಕೆಲವು 12, ಕೆಲವು 24. 24 ಇದ್ದರೆ ಮಷೀನ್ ಕಂಪನಿಯದೇ ಡಿಸಿ ಕನ್ವರ್ಟರ್ ಕೇಳಿ, ಅದರಲ್ಲಿ ಮಾತ್ರ ಉಳಿತಾಯ ಮಾಡಬೇಡಿ. ಹ್ಯುಮಿಡಿಫೈಯರ್ ಹೀಟರ್ ಬಂದ್ ಮಾಡಿದರೆ ಎಳೆಯೋದು ತುಂಬಾ ಇಳಿಯುತ್ತದೆ, ನಾನು 30 ವ್ಯಾಟ್ ಹಿಡಿದದ್ದೂ ಅದಕ್ಕೇ. ಡಾಕ್ಟರನ್ನು ಕೇಳಿಯೇ ಬಂದ್ ಮಾಡಿ.

ವೈರ್ ದಪ್ಪ ನೋಡಿ ಹಾಕಿಸಿ. ಬ್ಯಾಟರಿಯಿಂದ ಐದು ಮೀಟರ್ ದೂರದ ಸಾಮಾನಿಗೆ ಹೋಗಿ ಬರುವ ದಾರಿ ಹತ್ತು ಮೀಟರ್. 2.5 ಸ್ಕ್ವೇರ್ ಎಂಎಂ ವೈರಿನಲ್ಲಿ 10 ಆಂಪಿಯರ್ ಹರಿದರೆ ಹತ್ತಿರ 0.7 ವೋಲ್ಟ್ ದಾರಿಯಲ್ಲೇ ಹೋಗುತ್ತದೆ. 230 ವೋಲ್ಟಿನಲ್ಲಿ ಅದು ಲೆಕ್ಕಕ್ಕಿಲ್ಲ, 12ರಲ್ಲಿ ಫ್ರಿಜ್ ಲೋ ವೋಲ್ಟೇಜ್ ಅಂತ ನಿಲ್ಲುತ್ತದೆ. 6 ಸ್ಕ್ವೇರ್ ಎಂಎಂ ಹಾಕಿದರೆ 0.3ರ ಒಳಗೆ. ಮನೆ ವೈರಿಂಗ್ ಮಾಡುವವರಿಗೆ ಇದು ಅಭ್ಯಾಸವಿಲ್ಲ, ಬಿಟ್ಟರೆ ಎಲ್ಲದಕ್ಕೂ 1.5 ಎಳೆದು ಹೋಗುತ್ತಾರೆ.

ಇನ್ವರ್ಟರ್ ಮಿಕ್ಸಿಗೆ ಮಾತ್ರ ಇರಲಿ, ಪ್ಯೂರ್ ಸೈನ್ ವೇವ್ (ಮನೆಯ ಕರೆಂಟಿನಂಥದ್ದೇ ಅಲೆ ಕೊಡುವಂಥದ್ದು) ಇರಲಿ, ಕೈಗೆ ಸಿಗುವ ಕಡೆ ಸ್ವಿಚ್ ಇರಲಿ. ಅರೆದಾದ ಮೇಲೆ ಬಂದ್. 1000 ವ್ಯಾಟಿಂದು ಸಾಕು. ಅದು ಪೂರ್ತಿ ಎಳೆದರೆ 12 ವೋಲ್ಟ್ ಕಡೆ 100 ಆಂಪಿಯರ್ ಹತ್ತಿರ ಬರುತ್ತದೆ. 35 ಸ್ಕ್ವೇರ್ ಎಂಎಂ ವೈರ್, ಆದಷ್ಟು ಗಿಡ್ಡ, ಲಗ್ ಸರಿಯಾಗಿ ಕ್ರಿಂಪ್ ಮಾಡಿದ್ದು.

ಬ್ಯಾಡಗಿ ಮೆಣಸಿನಕಾಯಿ, ಹಾವೇರಿ

ನಡುವೆ ಬಾಯಿ ಹಾಕುತ್ತೇನೆ, ಇದೇ ತರ ಮಿನಿಬಸ್ ಮಾಡಿಸಬೇಕು ಅಂದುಕೊಂಡವರಿಗೆ ಉಪಯೋಗ ಆಗಲಿ. ದೊಡ್ಡ ಬಸ್ಸು ಲಾರಿಗಳಲ್ಲಿ ಎರಡು ಬ್ಯಾಟರಿ ಸೀರೀಸ್‌ನಲ್ಲಿ ಹಾಕಿ 24 ವೋಲ್ಟ್ ಮಾಡಿರುತ್ತಾರೆ. 12 ವೋಲ್ಟ್ ಫ್ಯಾನು, ಟೇಪು ನಡೆಸಲು ಒಂದೇ ಬ್ಯಾಟರಿಯಿಂದ ವೈರ್ ಎತ್ತುವುದು ಹೈವೇ ಬದಿಯ ಅಂಗಡಿಗಳಲ್ಲಿ ಮಾಮೂಲು. ಆ ಒಂದು ಬ್ಯಾಟರಿ ದಿನಾ ಅರೆಹೊಟ್ಟೆ, ಇನ್ನೊಂದಕ್ಕೆ ದಿನಾ ಓವರ್‌ಚಾರ್ಜ್. ಕೊನೆಗೆ ಎರಡೂ ಹೋಗುತ್ತವೆ. 24ರಿಂದ 12ಕ್ಕೆ ಇಳಿಸುವ ಕನ್ವರ್ಟರ್ ಹಾಕಿಸಿ, ಇಲ್ಲಾ ಫ್ರಿಜ್ ತಗೊಳ್ಳುವಾಗಲೇ 12/24 ಎರಡಕ್ಕೂ ಆಗುವಂಥದ್ದು ತಗೊಳ್ಳಿ.

ಇನ್ನೊಂದು, ಸಣ್ಣ ಪೆಟ್ರೋಲ್ ಜನರೇಟರ್ ತಗೊಳ್ಳಿ ಅಂತ ಯಾರಾದರೂ ಹೇಳುತ್ತಾರೆ. ಗಾಡಿಯ ಒಳಗಾಗಲಿ ಕಿಟಕಿ ಪಕ್ಕವಾಗಲಿ ಅದನ್ನ ಹಚ್ಚಿ ಮಲಗಬೇಡಿ. ಅದರ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ.

ಮಾಳಮಡ್ಡಿ ಮಾಸ್ತರ್, ಧಾರವಾಡ

ಹೈಡ್ರೋಜನ್ ವಿಷಯ ಒಪ್ಪಿದೆ. ಹಾಗಿದ್ದರೆ ಸೋಲಾರ್? ಟ್ರಾವೆಲರ್ ಮೇಲೆ ಜಾಗ ಬೇಕಾದಷ್ಟಿದೆ.

ಕಪ್ಪತಗುಡ್ಡ ಗಾಳಿ, ಗದಗ

ಹಾಕಲೇಬೇಕು ಸರ್. 200 ವ್ಯಾಟಿನ ಎರಡು ಪ್ಯಾನೆಲ್, ಒಂದು ಎಂಪಿಪಿಟಿ (ಪ್ಯಾನೆಲ್‌ನಿಂದ ಬ್ಯಾಟರಿ ತುಂಬುವ ಸೋಲಾರ್ ಚಾರ್ಜ್ ಕಂಟ್ರೋಲರ್). ನಮ್ಮ ಕಡೆ ಒಳ್ಳೆ ಬಿಸಿಲಿರುವ ತಿಂಗಳಲ್ಲಿ ದಿನಕ್ಕೆ ಐದು ತಾಸಿನ ಪೂರ್ಣ ಬಿಸಿಲು ಅಂತ ಲೆಕ್ಕ ಹಿಡಿಯಬಹುದು. ಮೇಲೆ ಚಪ್ಪಟೆ ಮಲಗಿಸಿದ್ದು, ಕಾದದ್ದು, ಧೂಳು ಕೂತದ್ದು ಎಲ್ಲಾ ಕಳೆದು ಶೇ 70 ಅಂದರೂ 1400 ವ್ಯಾಟ್-ಅವರ್ ಬಂತು. ಇನ್ವರ್ಟರ್ ನಷ್ಟ ಹೋದ ಮೇಲೆ ಅಕ್ಕನವರ ದಿನದ ಖರ್ಚೂ ಅಷ್ಟೇ. ಆದರೆ ಗಿಡದ ನೆರಳಿಗೆ ನಿಲ್ಲಿಸಿದರೆ ಗಾಡಿ ತಂಪು, ಪ್ಯಾನೆಲ್ ದಂಡ. ಜುಲೈನಲ್ಲಿ ಧಾರವಾಡದ ಜಿಟಿಜಿಟಿ ಮಳೆಗೆ ಕಾಲು ಭಾಗ ಬಂದರೆ ಪುಣ್ಯ. ದಾಂಡೇಲಿ ಕಡೆ ಹೋಗುವುದಿದ್ದರೆ ಅದನ್ನೂ ನಂಬಬೇಡಿ. ಅಂಥ ದಿನಗಳಿಗೆ ಹೊರಗಿನ 230 ವೋಲ್ಟ್ ಪ್ಲಗ್ಗಿನಿಂದ ಚಾರ್ಜ್ ಮಾಡುವ 20 ಆಂಪಿಯರ್ ಲಿಥಿಯಂ ಚಾರ್ಜರ್ ಇಟ್ಟುಕೊಳ್ಳಿ. ಅದು ಎಳೆಯುವುದು 300 ವ್ಯಾಟ್ ಚಿಲ್ಲರೆ, ಲಾಡ್ಜಿನವರ ಮಾಮೂಲಿ ಪ್ಲಗ್ಗಿಗೂ ಭಾರ ಆಗುವುದಿಲ್ಲ. ಹಳೆ ಇನ್ವರ್ಟರಿನ ಒಳಗಿನ ಚಾರ್ಜರ್ ಟ್ಯೂಬುಲರಿಗೆ ಅಂತ ಸೆಟ್ ಮಾಡಿದ್ದು, ಲಿಥಿಯಂ ಮೋಡ್ ಇಲ್ಲದಿದ್ದರೆ ಅದನ್ನ ಹಚ್ಚಬೇಡಿ. ಹೊರಗಿನ ಪ್ಲಗ್ ಗಾಡಿಗೆ ಬರುವ ಜಾಗದಲ್ಲಿ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಕ್ಷಣ ಬಂದ್ ಮಾಡುವ ಸ್ವಿಚ್) ಹಾಕಿ, ಗಾಡಿಯ ಬಾಡಿಗೆ ಅರ್ಥ್ ಕೊಡಿ. ತಗಡಿನ ಗಾಡಿ, ಮಳೆ, ಬರಿಗಾಲು, ಹೆಚ್ಚು ಹೇಳಬೇಕಾಗಿಲ್ಲ.

ಬ್ಯಾಟರಿಗೆ ಹೋಗಿ ಬರುವ ಕರೆಂಟ್ ಎಣಿಸಿ ಎಷ್ಟು ಉಳಿದಿದೆ ಅಂತ ತೋರಿಸುವ ಒಂದು ಶಂಟ್ ಮೀಟರ್ ಕೂಡ ಹಾಕಿಸಿ. ಲಿಥಿಯಂ ಮುಕ್ಕಾಲು ಇದ್ದಾಗಲೂ ಅರ್ಧ ಇದ್ದಾಗಲೂ ವೋಲ್ಟ್ ಮೀಟರ್ 13.2ರ ಆಸುಪಾಸೇ ತೋರಿಸುತ್ತದೆ, ಏನೂ ಗೊತ್ತಾಗುವುದಿಲ್ಲ.

ವಿದ್ಯಾನಗರದಾಕಿ, ಹುಬ್ಬಳ್ಳಿ

ಮಾವನವರ ಮಷೀನ್ 24 ವೋಲ್ಟಿಂದು, ಈಗಷ್ಟೇ ನೋಡಿದೆ. ಲ್ಯಾಪ್‌ಟಾಪ್ ಟೈಪ್-ಸಿ. ಎಲ್ಲಾ ಒಂದೇ ಸಲ ಮಾಡಿಸಲು ದುಡ್ಡು ಸಾಲದು, ಯಾವುದು ಮೊದಲು?

ಗೋಕುಲ ರೋಡ್ ವೈರಿಂಗ್

ಫ್ಯೂಸ್ ಬಾಕ್ಸ್, ವೈರಿಂಗ್, ಸಿಪ್ಯಾಪ್ ಕನ್ವರ್ಟರ್, ಪಿಡಿ ಚಾರ್ಜರ್ ಈಗ. ಸದ್ಯ ಟ್ಯೂಬುಲರನ್ನೇ ಹೊರಕ್ಕೆ ಗಾಳಿ ಹೋಗುವ ಮುಚ್ಚಿದ ಪೆಟ್ಟಿಗೆಗೆ ಹಾಕಿ. ಇನ್ವರ್ಟರ್ ಬಂದ್ ಇಟ್ಟರೆ ಒಂದು ರಾತ್ರಿ ಆರಾಮ ನಡೆಯುತ್ತದೆ. ಆಮೇಲೆ ಪ್ಯಾನೆಲ್, ಎಂಪಿಪಿಟಿ. ಸೆಟ್ಟಿಂಗ್‌ನಲ್ಲಿ ಲೆಡ್, ಲಿಥಿಯಂ ಎರಡೂ ಇರುವ ಎಂಪಿಪಿಟಿ ತಗೊಂಡರೆ ಮುಂದೆ ಬದಲಿಸಬೇಕಾಗಿಲ್ಲ. ಲಿಥಿಯಂ ಮತ್ತು ಡಿಸಿ-ಟು-ಡಿಸಿ ಕೊನೆಗೆ, ಎರಡನ್ನೂ ಒಟ್ಟಿಗೇ ಹಾಕಿಸಿ. ಲಿಥಿಯಂ ಬಂದ ದಿನವೇ ಹಳೆ ರಿಲೇ ಕಿತ್ತು ಹಾಕಿಸೋದು ಮರೆಯಬೇಡಿ.