ಅಷ್ಟಾಂಗ ಯೋಗ: ಗುರುಗಳು "ಇವತ್ತಿಗೆ ಸಾಕು" ಅಂದರೆ ಏನರ್ಥ? (ಪ್ರಶ್ನೋತ್ತರ)

ಗುಂಪಿನವರಿಗೆ ನಮಸ್ಕಾರ. ನಾನು ಮೈಸೂರು ಶೈಲಿಯ ಅಷ್ಟಾಂಗ, ಅಂದರೆ ಉಸಿರಿನ ಲೆಕ್ಕಕ್ಕೆ ಗೊತ್ತಾದ ಕ್ರಮದಲ್ಲಿ ಆಸನ ಮಾಡುವ ಪದ್ಧತಿ ಕಲಿಸುವವಳು. ಕಲಿಯುವ, ಕಲಿಸುವ ವಿಷಯದಲ್ಲಿ ಏನೇ ಅನುಮಾನ ಇದ್ದರೂ ಇಲ್ಲೇ ಕೆಳಗೆ ಕೇಳಿ. ವೈದ್ಯರು ಹೇಳಬೇಕಾದ್ದನ್ನು ಮಾತ್ರ ನನ್ನ ಬಾಯಲ್ಲಿ ಹೇಳಿಸಬೇಡಿ.

ಪ್ರಶ್ನೆ: ಮೇಡಂ, ನಾನು ವಿಡಿಯೋ ನೋಡಿಯೇ ಪ್ರೈಮರಿ ಸೀರೀಸ್ (ಅಷ್ಟಾಂಗದ ಮೊದಲ ಹಂತದ ಆಸನಗಳ ಸರಣಿ) ಕಲಿತವನು. ಮನೆಯಲ್ಲಿ ಪೂರ್ತಿ ಮಾಡುತ್ತಿದ್ದೆ. ಈಗ ಹಿರಿಯ ಗುರುಗಳೊಬ್ಬರ ಹತ್ತಿರ ಸೇರಿದ್ದೇನೆ. ಮೊದಲ ವಾರ ಬರೀ ಸೂರ್ಯನಮಸ್ಕಾರ ಮಾಡಿಸಿದರು. ಆಮೇಲೆ ನಿಂತು ಮಾಡುವ ಆಸನಗಳು. ಈಗ ಮರೀಚ್ಯಾಸನ 'ಎ' ಹತ್ತಿರ ನಿಲ್ಲಿಸಿ, "ಇವತ್ತಿಗೆ ಸಾಕು, ಫಿನಿಶಿಂಗ್ (ಮುಗಿಸುವಾಗ ಮಾಡುವ ಕೊನೆಯ ಆಸನಗಳು) ಮಾಡಿ" ಅಂತಾರೆ. ಗೊತ್ತಿರೋದನ್ನೂ ಮಾಡಬೇಡ ಅಂದ್ರೆ ಹೇಗೆ? ಸುಮ್ನೆ ತಿಂಗಳು ತಳ್ಳೋಕೆ ಹೀಗೆ ಮಾಡ್ತಾರಾ?

ಉತ್ತರ: ತಿಂಗಳು ತಳ್ಳುವವರೂ ಇದ್ದಾರೆ, ಇಲ್ಲ ಅನ್ನುವುದಿಲ್ಲ. ಆದರೆ ನೀವು ಹೇಳಿದ್ದನ್ನು ನೋಡಿದರೆ ನಿಮ್ಮ ಗುರುಗಳು ಹಾಗೆ ಕಾಣುವುದಿಲ್ಲ. ಈ ಪದ್ಧತಿ ನಡೆಯುವುದೇ ಹೀಗೆ. ಒಂದು ಆಸನ ಕೊಡುತ್ತಾರೆ. ಅದು ದೇಹಕ್ಕೂ ನೆನಪಿಗೂ ಕೂತ ಮೇಲೆ ಮುಂದಿನದು. ಒಂದೇ ಕೋಣೆಯಲ್ಲಿ ಹತ್ತು ಜನ ಇದ್ದರೆ ಹತ್ತೂ ಜನ ಬೇರೆ ಬೇರೆ ಆಸನದಲ್ಲಿ ಇರುತ್ತಾರೆ. ಗುರುಗಳು ಒಬ್ಬೊಬ್ಬರ ಹತ್ತಿರ ಬಂದು ನೋಡುತ್ತಾರೆ.

ಈಗ ಮರೀಚ್ಯಾಸನದ ವಿಷಯಕ್ಕೆ ಬರೋಣ. ಅದರಲ್ಲಿ ಎ, ಬಿ, ಸಿ, ಡಿ ಎಂದು ನಾಲ್ಕು ಇವೆ. 'ಎ'ಯಲ್ಲಿ ಒಂದು ಮಂಡಿ ಎತ್ತಿ, ಕೈಯಿಂದ ಸುತ್ತಿ ಹಿಡಿದು ಮುಂದೆ ಬಾಗಿದರೆ ಮುಗಿಯಿತು. 'ಡಿ'ಗೆ ಬರುವ ಹೊತ್ತಿಗೆ ಒಂದು ಕಾಲು ಅರ್ಧ ಪದ್ಮಾಸನದಲ್ಲಿ, ಇನ್ನೊಂದು ಮಂಡಿ ಮೇಲೆ, ಮೈ ತಿರುಚಿ, ಬೆನ್ನ ಹಿಂದೆ ಕೈ ಹಿಡಿಯಬೇಕು. ಸೊಂಟದ ಕೀಲು ಸಾಕಷ್ಟು ತಿರುಗದಿದ್ದರೆ ಆ ತಿರುಚು ಎಲ್ಲಿಗೆ ಹೋಗುತ್ತೆ? ಮಂಡಿಗೆ. ಅದಕ್ಕೂ ಮುಂಚೆ ಬರುವ ಅರ್ಧಬದ್ಧ ಪದ್ಮಪಶ್ಚಿಮೋತ್ತಾನಾಸನ, ಜಾನುಶೀರ್ಷಾಸನಗಳು ಆ ಕೀಲನ್ನು ಸಡಿಲ ಮಾಡುವುದಕ್ಕೇ ಇರುವುದು. ಅಲ್ಲಿ ಕೆಲಸ ಆಗಿಲ್ಲ ಅಂತ ಕಂಡರೆ ಗುರುಗಳು ಮುಂದೆ ಬಿಡುವುದಿಲ್ಲ. ಕಾಲುಗಳನ್ನು ತಲೆಯ ಹಿಂದೆ ಹೆಣೆಯುವ ಸುಪ್ತಕೂರ್ಮಾಸನದ ಹತ್ತಿರವೂ ಸುಮಾರು ಜನ ನಿಲ್ಲುತ್ತಾರೆ.

ಇನ್ನೊಂದು, ನಿಮ್ಮ ಉಸಿರು ಹೇಗಿದೆ ಎನ್ನುವುದು ವಿಡಿಯೋಗೆ ಕಾಣುವುದಿಲ್ಲ. ಗುರುಗಳು ನಿಮ್ಮ ಕೈಕಾಲಿಗಿಂತ ಜಾಸ್ತಿ ಉಸಿರಿನ ಸದ್ದು ಕೇಳಿಸಿಕೊಳ್ಳುತ್ತಿರುತ್ತಾರೆ. ಉಸಿರು ಬಿಗಿಯಾದರೆ, ಏದುಸಿರು ಬಂದರೆ, ಮುಖ ಸಿಂಡರಿಸಿದರೆ ಅವರಿಗೆ ಉತ್ತರ ಸಿಕ್ಕಿತು. ಆಕಾರ ಬಂದಿದ್ದರೂ ಆಸನ ಬಂದಿಲ್ಲ.

ಅದೇ ಪ್ರಶ್ನೆ, ಮುಂದುವರಿದು: ಹಾಗಾದರೆ ವರ್ಷಗಟ್ಟಲೆ ಒಂದೇ ಕಡೆ ನಿಂತರೂ ಸುಮ್ಮನಿರಬೇಕಾ?

ಉತ್ತರ: ಬೇಡ. "ನನ್ನಲ್ಲಿ ಏನು ಬರಬೇಕು, ಅದಕ್ಕೆ ನಾನು ಏನು ಮಾಡಬೇಕು?" ಎಂದು ಕೇಳಿ. ಒಳ್ಳೆಯ ಗುರುಗಳಿಗೆ ಇದಕ್ಕೆ ನೇರ ಉತ್ತರ ಇರುತ್ತೆ. "ಹಿಮ್ಮಡಿ ಹೊಕ್ಕುಳಿನ ಹತ್ತಿರ ಬರ್ತಿಲ್ಲ, ಅದು ಬರಲಿ" ಅನ್ನಬಹುದು. "ಸಂಪ್ರದಾಯ ಹೀಗೇ" ಎಂದಷ್ಟೇ ಹೇಳಿ ಮುಂದೆ ಹೋದರೆ ನನಗೆ ಅದು ಸೋಮಾರಿತನ ಅನಿಸುತ್ತೆ. ಕೆಲವರ ಮೂಳೆಯ ರಚನೆಯೇ ಹಾಗಿರುತ್ತೆ, ಎಷ್ಟು ವರ್ಷ ಕಾದರೂ ಕೆಲವು ಆಸನ ಪುಸ್ತಕದಲ್ಲಿ ಇರುವ ಹಾಗೆ ಬರುವುದಿಲ್ಲ. ಅಂಥವರಿಗೆ ಟವೆಲ್ ಕೊಟ್ಟೋ, ಕಾಲು ಬೇರೆ ಥರ ಇಡಿಸಿಯೋ ಮುಂದಕ್ಕೆ ಕರೆದುಕೊಂಡು ಹೋಗಬೇಕು.

ಪ್ರಶ್ನೆ: ಈ ಅಷ್ಟಾಂಗ ಪದ್ಧತಿ ನಿಜವಾಗಲೂ ತುಂಬಾ ಹಳೆಯದಾ ಮೇಡಂ? ಎಲ್ಲಾ ಫಾರಿನ್‌ನವರು ಬಂದ ಮೇಲೆ ಶುರುವಾಗಿದ್ದು ಅಂತಾರೆ.

ಉತ್ತರ: ಎಷ್ಟು ಹಳೆಯದು ಎನ್ನುವುದರ ಬಗ್ಗೆ ಪಂಡಿತರು ಜಗಳವಾಡಲಿ. ದಾಖಲೆ ಇರುವಷ್ಟನ್ನು ಹೇಳುತ್ತೇನೆ. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ತಿರುಮಲೈ ಕೃಷ್ಣಮಾಚಾರ್ಯರು ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸುತ್ತಿದ್ದರು. ಈ ಪದ್ಧತಿಯನ್ನು ಹರಡಿದ, ಹಾಸನದ ಹತ್ತಿರದ ಕೌಶಿಕ ಎಂಬ ಊರಿನ ಕೆ. ಪಟ್ಟಾಭಿ ಜೋಯಿಸರು ಹುಟ್ಟಿದ್ದು 1915ರಲ್ಲಿ. ಅವರು 1927ರಲ್ಲಿ ಹಾಸನದಲ್ಲಿ ಕೃಷ್ಣಮಾಚಾರ್ಯರ ಪ್ರಾತ್ಯಕ್ಷಿಕೆ ನೋಡಿ ಅವರ ಹತ್ತಿರ ಕಲಿಯಲು ಶುರು ಮಾಡಿದರು. ಮುಂದೆ ಮೈಸೂರಿನ ಸಂಸ್ಕೃತ ಕಾಲೇಜಿನಲ್ಲಿ ಯೋಗ ಕಲಿಸಿದರು. 1948ರಲ್ಲಿ ಮೈಸೂರಿನ ಲಕ್ಷ್ಮೀಪುರಂನ ಮನೆಯಲ್ಲಿ ಸ್ವಂತ ಸಂಸ್ಥೆ ಕಟ್ಟಿದರು. ಹೊರದೇಶದವರು ದೊಡ್ಡ ಸಂಖ್ಯೆಯಲ್ಲಿ ಬಂದದ್ದು ಅದಾಗಿ ಎಷ್ಟೋ ವರ್ಷದ ಮೇಲೆ. ಆ ಮನೆಯ ಕೋಣೆ ಚಿಕ್ಕದು. ಒಬ್ಬರು ಮುಗಿಸಿ ಎದ್ದರೆ "ಒನ್ ಮೋರ್" ಎಂದು ಇನ್ನೊಬ್ಬರನ್ನು ಕರೆಯುತ್ತಿದ್ದರು. ಆಮೇಲೆ ಶಾಲೆ ಮೈಸೂರಿನದೇ ಇನ್ನೊಂದು ಬಡಾವಣೆ ಗೋಕುಲಂಗೆ ಬಂತು.

ಓದಬೇಕು ಅನ್ನುವವರಿಗೆ, ಜೋಯಿಸರು 1962ರಲ್ಲಿ ಪ್ರಕಟಿಸಿದ 'ಯೋಗ ಮಾಲಾ' ಪುಸ್ತಕ ಮೊದಲು ಬಂದದ್ದು ಕನ್ನಡದಲ್ಲೇ. ಇಂಗ್ಲಿಷಿನಲ್ಲಿ ಬಂದದ್ದು 1999ರಲ್ಲಿ. ನಮ್ಮವರೇ ಅದನ್ನು ಇಂಗ್ಲಿಷಿನಲ್ಲಿ ಓದುವುದನ್ನು ನೋಡಿದರೆ ನಗು ಬರುತ್ತೆ.

ಪ್ರಶ್ನೆ: ಅಕ್ಕಾ, ಪದ್ಮಾಸನಕ್ಕೆ ಕೂತರೆ ಮಂಡಿ ಒಳಗಡೆ ಚುಚ್ಚುತ್ತೆ. ನಮ್ಮ ಕ್ಲಾಸಿನಲ್ಲಿ "ಮಾಡ್ತಾ ಮಾಡ್ತಾ ಹೋಗುತ್ತೆ" ಅಂತಾರೆ. ನಿಜವಾ?

ಉತ್ತರ: ಆ ಮಾತು ತೊಡೆಯ ಬಿಗಿತಕ್ಕೆ ಸರಿ. ಮಂಡಿಯ ಚುಚ್ಚುವಿಕೆಗೆ ಅಪಾಯ. ಮಂಡಿ ಮುಖ್ಯವಾಗಿ ಮಡಚಿ ಬಿಚ್ಚುವ ಕೀಲು, ಬಾಗಿಲ ತಿರುಗಣಿ ಇದ್ದ ಹಾಗೆ. ಅಗಲವಾಗಿ ತಿರುಗಬೇಕಾದ್ದು ಸೊಂಟದ ಕೀಲು. ಸೊಂಟ ತಿರುಗದೆ ಪಾದ ಎಳೆದು ತೊಡೆಯ ಮೇಲೆ ಇಟ್ಟರೆ ಮಂಡಿಯೊಳಗಿನ ಮೆನಿಸ್ಕಸ್ ಎಂಬ ಮೆತ್ತೆ ಸಿಕ್ಕಿ ನಲುಗುತ್ತೆ. ಅದು ಹರಿದರೆ ಸುಲಭಕ್ಕೆ ಕೂಡುವುದಿಲ್ಲ.

ಇವತ್ತಿನಿಂದ ಪದ್ಮಾಸನ ನಿಲ್ಲಿಸಿ. ಸುಮ್ಮನೆ ಚಕ್ಕಳಮಕ್ಕಳ ಹಾಕಿ ಕೂರಿ. ನೋವು ಪೂರ್ತಿ ಹೋದ ಮೇಲೆ ಅರ್ಧ ಪದ್ಮಾಸನದಿಂದ ಶುರು ಮಾಡಿ. ಮೊದಲು ಮಂಡಿಯನ್ನು ಪೂರ್ತಿ ಮಡಚಿ, ಹಿಮ್ಮಡಿ ತೊಡೆಗೆ ತಾಗಲಿ. ಮಡಚಿದ ಹಾಗೇ ಇಟ್ಟುಕೊಂಡು ತೊಡೆಯನ್ನು ಸೊಂಟದಿಂದ ಹೊರಕ್ಕೆ ತಿರುಗಿಸಿ. ಆಮೇಲೆ ಹಿಮ್ಮಡಿಯನ್ನು ಹೊಕ್ಕುಳಿನ ಕಡೆಗೆ ತನ್ನಿ. ಕಾಲಿನ ಬೆರಳು ಹಿಡಿದು ಎಳೆಯಬೇಡಿ, ಕಣಕಾಲಿನ ಕೆಳಗೆ ಕೈ ಕೊಟ್ಟು ಎತ್ತಿ. ಜಾನುಶೀರ್ಷಾಸನ 'ಸಿ' ಮತ್ತು ಮರೀಚ್ಯಾಸನ 'ಬಿ', 'ಡಿ' ಕೂಡ ಸದ್ಯಕ್ಕೆ ಬಿಡಿ. ಮಂಡಿ ಊದಿಕೊಂಡರೆ, ಮಡಚುವಾಗ ಸಿಕ್ಕಿಹಾಕಿಕೊಂಡ ಹಾಗೆ ಆದರೆ ಮೂಳೆ ಡಾಕ್ಟರ ಹತ್ತಿರ ಹೋಗಿ. ಯೋಗ ಟೀಚರ್ ಮುಂದೆ ಅಲ್ಲ.

ಇನ್ನೊಬ್ಬ ಸದಸ್ಯೆ: ನನಗೆ ಮಂಡಿ ಸರಿ ಇದೆ. ಮುಂದೆ ಬಾಗಿದಾಗ ಪೃಷ್ಠದ ಕೆಳಗೆ, ಕೂರುವ ಮೂಳೆ ಹತ್ತಿರ ನೋವು. ಇನ್ನೂ ಜಾಸ್ತಿ ಎಳೆದು ಬಾಗಿದರೆ ಸಡಿಲ ಆಗುತ್ತೆ ಅಲ್ವಾ?

ಉತ್ತರ: ಇಲ್ಲಮ್ಮ, ಇನ್ನೂ ಕೆಡುತ್ತೆ. ತೊಡೆಯ ಹಿಂಭಾಗದ ಸ್ನಾಯು ಮೂಳೆಗೆ ಅಂಟುವ ಜಾಗ ಅದು. ಅಷ್ಟಾಂಗದವರಲ್ಲಿ ಈ ನೋವು ತುಂಬಾ ಸಾಮಾನ್ಯ, ಪ್ರೈಮರಿಯಲ್ಲಿ ಮುಂದೆ ಬಾಗುವುದೇ ಜಾಸ್ತಿ ನೋಡಿ. ಮಂಡಿ ಸ್ವಲ್ಪ ಮಡಚಿ ಬಾಗಿ. ನೋವು ಬರುವ ಮುಂಚೆಯೇ ನಿಲ್ಲಿಸಿ. ಇದು ವಾರದಲ್ಲಿ ಹೋಗುವ ನೋವಲ್ಲ, ತಿಂಗಳುಗಳೇ ಬೇಕು. ನಿಮ್ಮ ಗುರುಗಳಿಗೆ ಮೊದಲೇ ಹೇಳಿ, ಬೆನ್ನ ಮೇಲೆ ಒತ್ತದಿರಲಿ.

ಪ್ರಶ್ನೆ: ಒತ್ತುವ ವಿಷಯ ಬಂತು, ಕೇಳಿಬಿಡ್ತೀನಿ. ಸರ್ ಅಡ್ಜಸ್ಟ್ ಮಾಡುವಾಗ, ಅಂದರೆ ಮುಟ್ಟಿ ಆಸನ ಸರಿಪಡಿಸುವಾಗ, ನನಗೆ ಮುಜುಗರ ಆಗುತ್ತೆ. ಬೇಡ ಅಂದರೆ ಅಹಂಕಾರ ಅಂದುಕೊಳ್ತಾರೇನೋ.

ಉತ್ತರ: ಬೇಡ ಅನ್ನಿ. ಕಾರಣ ಕೊಡಬೇಕಾಗಿಲ್ಲ. ಕ್ಲಾಸಿಗೆ ಮುಂಚೆಯೇ "ನನ್ನನ್ನು ಮುಟ್ಟಬೇಡಿ ಸರ್, ಬಾಯಲ್ಲಿ ಹೇಳಿ" ಎಂದರೆ ಸಾಕು. ಮಾತಿನಲ್ಲಿ ಕಲಿಸಲು ಬಾರದವರು ಕೈಯಿಂದಲೂ ಸರಿಯಾಗಿ ಕಲಿಸಲಾರರು. ಬೇಕು ಅಂದವರಿಗೂ ಒತ್ತಡ ಬರಬೇಕಾದ ಜಾಗ ಬೆನ್ನು, ಭುಜ, ಪಾದ. ಖಾಸಗಿ ಜಾಗಕ್ಕೆ ಕೈ ಹೋಗಬೇಕಾದ ಆಸನ ಒಂದೂ ಇಲ್ಲ.

ಇದನ್ನು ಮುಚ್ಚಿಡುವುದು ನನಗೆ ಇಷ್ಟ ಇಲ್ಲ. ಪಟ್ಟಾಭಿ ಜೋಯಿಸರು 2009ರಲ್ಲಿ ತೀರಿಕೊಂಡರು. ಅಡ್ಜಸ್ಟ್ ಮಾಡುವಾಗ ಅವರು ತಮ್ಮನ್ನು ಅನುಚಿತವಾಗಿ ಮುಟ್ಟಿದ್ದರು ಎಂದು ಅವರ ಹತ್ತಿರ ಕಲಿತ ಹಲವು ಹೆಂಗಸರು ಆಮೇಲೆ ಬಹಿರಂಗವಾಗಿ ಹೇಳಿದರು. 2019ರಲ್ಲಿ ಮೊಮ್ಮಗ ಶರತ್ ಜೋಯಿಸರೇ ಇದರ ಬಗ್ಗೆ ಬರೆದು ಕ್ಷಮೆ ಕೇಳಿದರು. ಈಗ ಎಷ್ಟೋ ಶಾಲೆಗಳಲ್ಲಿ ಮೊದಲೇ ಒಪ್ಪಿಗೆ ಕೇಳುತ್ತಾರೆ.

ಒಬ್ಬ ಹಿರಿಯ ಸದಸ್ಯರು: ಗುರುಗಳ ಬಗ್ಗೆ ಹೀಗೆ ಬರೆಯಬೇಕಿತ್ತೇನಮ್ಮ?

ಉತ್ತರ: ಬರೆಯಬೇಕಿತ್ತು ಸರ್. ಅವರಿಂದ ಬಂದ ವಿದ್ಯೆಯಿಂದಲೇ ನಾನು ಊಟ ಮಾಡುತ್ತಿರುವುದು. ಆದರೂ ಈ ಹುಡುಗಿ ನಾಳೆ ಕ್ಲಾಸಿಗೆ ಹೋಗುವಾಗ ಧೈರ್ಯವಾಗಿ ಹೋಗಬೇಕು, ನನಗೆ ಅದು ಮುಖ್ಯ.

ಪ್ರಶ್ನೆ: ಉಸಿರಿನ ಲೆಕ್ಕ ಹೇಗೆ ಮೇಡಂ? ನನಗೆ ಯಾವಾಗಲೂ ತಪ್ಪಿಹೋಗುತ್ತೆ.

ಉತ್ತರ: ಒಂದು ಉಸಿರಿಗೆ ಒಂದು ಚಲನೆ, ಅದಕ್ಕೆ ವಿನ್ಯಾಸ ಅನ್ನುತ್ತಾರೆ. ಸೂರ್ಯನಮಸ್ಕಾರ 'ಎ'ಯಲ್ಲಿ ಒಂಬತ್ತು ವಿನ್ಯಾಸ, 'ಬಿ'ಯಲ್ಲಿ ಹದಿನೇಳು. 'ಎ' ಹೀಗೆ: ಏಕಂಗೆ ಉಸಿರು ತಗೊಂಡು ಕೈ ಮೇಲೆ, ದ್ವೇಗೆ ಬಿಟ್ಟು ಬಾಗುವುದು, ತ್ರೀಣಿಗೆ ತಗೊಂಡು ತಲೆ ಎತ್ತುವುದು, ಚತ್ವಾರಿಗೆ ಬಿಟ್ಟು ಚತುರಂಗ ದಂಡಾಸನ, ಪಂಚಕ್ಕೆ ಊರ್ಧ್ವಮುಖ ಶ್ವಾನಾಸನ, ಷಟ್‌ಗೆ ಅಧೋಮುಖ. ಅಲ್ಲಿ ಐದು ಉಸಿರು. ಸಪ್ತಕ್ಕೆ ತಗೊಂಡು ಮುಂದೆ ಹಾರುವುದು, ಅಷ್ಟೌಗೆ ಬಿಟ್ಟು ಬಾಗುವುದು, ನವಕ್ಕೆ ತಗೊಂಡು ಮೇಲೇಳುವುದು. ಆಮೇಲೆ ಸಮಸ್ಥಿತಿ, ಅಂದರೆ ನೆಟ್ಟಗೆ ನಿಲ್ಲುವುದು. ಹಾರಲು ಬಾರದಿದ್ದರೆ ನಡೆದುಕೊಂಡು ಬನ್ನಿ, ಉಸಿರು ಮಾತ್ರ ತಪ್ಪಬಾರದು. ವಾರಕ್ಕೊಮ್ಮೆ ಎಣಿಸಿ ಮಾಡಿಸುವ ಲೆಡ್ ಕ್ಲಾಸ್ ಇದ್ದರೆ ತಪ್ಪಿಸಬೇಡಿ, ಲೆಕ್ಕ ಕಿವಿಗೆ ಕೂರುವುದು ಅಲ್ಲೇ.

ಪ್ರಶ್ನೆ: ನನಗೆ 56 ವರ್ಷ, ಬಿಪಿ ಮಾತ್ರೆ ತಗೋತೀನಿ. ಸೇರಬಹುದಾ? ಪ್ರಾಣಾಯಾಮನೂ ಕಲಿಸ್ತಾರಾ?

ಉತ್ತರ: ಧಾರಾಳವಾಗಿ ಸೇರಿ. ಡಾಕ್ಟರನ್ನು ಕೇಳಿ, ಗುರುಗಳಿಗೆ ಮಾತ್ರೆಯ ವಿಷಯ ಹೇಳಿ. ಬಿಪಿ ಹತೋಟಿಯಲ್ಲಿ ಇಲ್ಲದಿದ್ದರೆ, ಗ್ಲಾಕೋಮಾ ಎಂಬ ಕಣ್ಣಿನ ಕಾಯಿಲೆ ಇದ್ದರೆ ಶೀರ್ಷಾಸನ ಬೇಡ. ಪ್ರಾಣಾಯಾಮ ಈ ಪದ್ಧತಿಯಲ್ಲಿ ಆಸನ ಗಟ್ಟಿಯಾದ ಮೇಲೆ, ತಡವಾಗಿ ಬರುತ್ತೆ. ಉಸಿರು ಹಿಡಿಯುವುದನ್ನಂತೂ ವಿಡಿಯೋ ನೋಡಿ ಮಾಡಲೇಬೇಡಿ.

ಪ್ರಶ್ನೆ: ದಿನಾ ಮಾಡಬೇಕಾ?

ಉತ್ತರ: ವಾರಕ್ಕೆ ಆರು ದಿನ. ಸಾಮಾನ್ಯವಾಗಿ ಶನಿವಾರ ರಜೆ. ಹುಣ್ಣಿಮೆ, ಅಮಾವಾಸ್ಯೆಗೂ ರಜೆ. ಮುಟ್ಟಿನ ಮೊದಲ ಮೂರು ದಿನ ಹೆಂಗಸರಿಗೆ ವಿಶ್ರಾಂತಿ ಎನ್ನುವುದು ರೂಢಿ. ಹೊಸಬರು ವಾರಕ್ಕೆ ಮೂರು ದಿನದಿಂದ ಶುರು ಮಾಡಿದರೂ ನನ್ನ ತಕರಾರಿಲ್ಲ.

ಪ್ರಶ್ನೆ: ನಾನೂ ಟೀಚರ್ ಆಗಬೇಕು ಮೇಡಂ. 200 ಗಂಟೆ ಕೋರ್ಸ್ ಮಾಡಿದರೆ ಸಾಕಾ? ಒಳ್ಳೆ ಗುರುಗಳನ್ನು ಗುರುತಿಸೋದು ಹೇಗೆ?

ಉತ್ತರ: 200 ಗಂಟೆ ಎನ್ನುವ ಅಳತೆ ಅಮೆರಿಕದ ಯೋಗ ಅಲಯನ್ಸ್‌ನಿಂದ ಜನಪ್ರಿಯವಾದದ್ದು. ಒಂದೇ ತಿಂಗಳಲ್ಲಿ ಮುಗಿಸಿಕೊಡುವವರಿದ್ದಾರೆ. ದೇಹರಚನೆ, ಕ್ಲಾಸ್ ನಡೆಸುವ ಕ್ರಮ ಸ್ವಲ್ಪ ಗೊತ್ತಾಗುತ್ತೆ. ಅದರಿಂದ ಟೀಚರ್ ಆಗಲು ಸಾಧ್ಯವಿಲ್ಲ. ಈ ಪದ್ಧತಿಯಲ್ಲಿ ಕಲಿಸುವುದನ್ನು ಕಲಿಯುವುದು ಗುರುಗಳ ಪಕ್ಕ ನಿಂತು. ವರ್ಷಗಟ್ಟಲೆ ಸ್ವಂತ ಅಭ್ಯಾಸ, ಆಮೇಲೆ ಅವರ ಕ್ಲಾಸಿನಲ್ಲಿ ಸಹಾಯ. ಯಾರನ್ನು ಎಲ್ಲಿ ನಿಲ್ಲಿಸಿದರು, ಯಾಕೆ ನಿಲ್ಲಿಸಿದರು ಎಂದು ದಿನಾ ನೋಡುತ್ತಾ ಹೋದರೆ ಕಣ್ಣು ಪಳಗುತ್ತೆ.

ಗುರುಗಳನ್ನು ಹುಡುಕುವಾಗ ಸೇರುವ ಮುಂಚೆ ಒಂದು ದಿನ ಮೂಲೆಯಲ್ಲಿ ಕೂತು ಕ್ಲಾಸ್ ನೋಡಲು ಕೇಳಿ. ಬಿಡದಿದ್ದರೆ ಬೇರೆ ಕಡೆ ಹೋಗಿ. ಬಿಟ್ಟರೆ, ಚೆನ್ನಾಗಿ ಬಾಗುವವರನ್ನು ನೋಡಬೇಡಿ. ದಪ್ಪ ಇರುವವರು, ವಯಸ್ಸಾದವರು, ಪೆಟ್ಟಾದವರು ಇದ್ದಾರಾ, ಅವರಿಗೆ ಎಷ್ಟು ಹೊತ್ತು ಕೊಡುತ್ತಾರೆ ನೋಡಿ. ಹಳಬರು ಹತ್ತು ವರ್ಷದ ಮೇಲೂ ಅಲ್ಲೇ ಬರುತ್ತಿದ್ದರೆ ಒಳ್ಳೆಯ ಗುರುತು. ಗುರುಗಳು ಈಗಲೂ ತಾವೇ ಅಭ್ಯಾಸ ಮಾಡುತ್ತಾರಾ, ಯಾರ ಹತ್ತಿರ ಕಲಿತರು, ಇದನ್ನೂ ಕೇಳಿ. ಗೋಡೆಯ ಮೇಲಿನ ಫೋಟೋಗಳಿಗೆ ಮರುಳಾಗಬೇಡಿ.

ಪ್ರಶ್ನೆ: ಕೊನೆಯದು. ಬೆಳಗ್ಗೆ ನನಗೆ ಸಿಗೋದು ಅರ್ಧ ಗಂಟೆ. ಅಷ್ಟರಲ್ಲಿ ಏನು ಮಾಡಲಿ?

ಉತ್ತರ: ಸೂರ್ಯನಮಸ್ಕಾರ 'ಎ' ಐದು, 'ಬಿ' ಮೂರು. ನಿಂತು ಮಾಡುವುದರಲ್ಲಿ ಪಾದಾಂಗುಷ್ಠಾಸನದಿಂದ ಪಾರ್ಶ್ವೋತ್ತಾನಾಸನದವರೆಗೆ. ಆಮೇಲೆ ಯೋಗಮುದ್ರೆ, ಪದ್ಮಾಸನ, ಉತ್ಪ್ಲುತಿ (ಕೂತಲ್ಲೇ ಕೈ ಊರಿ ಮೈ ಎತ್ತುವುದು), ಮಂಡಿ ನೋವಿದ್ದರೆ ಚಕ್ಕಳಮಕ್ಕಳದಲ್ಲೇ. ಕೊನೆಗೆ ಐದು ನಿಮಿಷ ಮಲಗಿ. ಹೊತ್ತು ಸಾಲದಿದ್ದರೆ ನಿಂತು ಮಾಡುವ ಆಸನಗಳಲ್ಲಿ ಎರಡು ಬಿಡಿ, ಮಲಗುವುದನ್ನು ಬಿಡಬೇಡಿ.